ಚೆಂಡು ಬಾರದ ಓಟಗಳಿಗೆ ರೈಟ್ ಮಾರ್ಕ್

ನಾನು ಆಟದ ಮನುಷ್ಯನೇ ಅಲ್ಲ. ಶಾಲೆಯಲ್ಲಿ ಕಬಡ್ಡಿಗೆ ಇಳಿಸಿದರೆ ಗೆರೆ ಮುಟ್ಟುವ ಮೊದಲೇ ಉಸಿರು ಬಿಡುತ್ತಿದ್ದವನು. ಅಂಥವನು ನಗೋಯಾದ ಹೊರವಲಯದಲ್ಲಿ ಕೂತು ಜಪಾನಿನ ಕಾಲೇಜು ಹುಡುಗರ ಫುಟ್ಬಾಲ್ ಭವಿಷ್ಯಕ್ಕೆ ಮಾರ್ಕು ಹಾಕಿದೆನೆಂದರೆ ಮೈಸೂರಿನಲ್ಲಿರುವ ನನ್ನ ಅಣ್ಣ ಇಂದಿಗೂ ನಂಬುವುದಿಲ್ಲ. ನಿನಗೂ ಆಟಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ ಎನ್ನುತ್ತಾನೆ. ಅವನ ಮಾತು ಸುಳ್ಳೇನಲ್ಲ.

ಅದು ನಮ್ಮ ಕಾಲ್ಚೆಂಡೂ ಅಲ್ಲ, ಅಮೆರಿಕದವರ ಫುಟ್ಬಾಲ್. ಇಲ್ಲಿ ಎಲ್ಲರೂ ‘ಅಮೆಫುಟೊ’ ಎನ್ನುತ್ತಾರೆ. ತಲೆಗೆ ಹೆಲ್ಮೆಟ್, ಭುಜಕ್ಕೆ ಕವಚ, ಎರಡೂ ತುದಿ ಚೂಪಾದ ಚೆಂಡು. ನಮ್ಮ ಕಂಪನಿ ಕಾರಿನ ಬಿಡಿಭಾಗಗಳನ್ನು ಮಾಡುತ್ತದೆ, ಜೊತೆಗೆ ಒಂದು ಅಮೆಫುಟೊ ತಂಡವನ್ನೂ ಸಾಕಿಕೊಂಡಿದೆ. ಆಟಗಾರರೆಲ್ಲ ಹಗಲು ಕಂಪನಿಯ ನೌಕರರು, ಸಂಜೆ ಮೈದಾನಕ್ಕೆ. ಪ್ರತಿ ಏಪ್ರಿಲ್‌ನಲ್ಲಿ ಕಾಲೇಜು ಮುಗಿಸಿದ ನಾಲ್ಕಾರು ಹುಡುಗರನ್ನು ಸೇರಿಸಿಕೊಳ್ಳುತ್ತಾರೆ. ಯಾರನ್ನು ಎಂಬ ವಿಚಾರ ಮಾತ್ರ ಹಿಂದಿನ ಬೇಸಿಗೆಯಲ್ಲೇ, ಕಾಲೇಜುಗಳ ಸೀಸನ್ ಶುರುವಾಗುವ ಮೊದಲೇ ಆರಂಭವಾಗುತ್ತದೆ. ಆಗ ಒಂದು ಪಟ್ಟಿ ತಯಾರಾಗುತ್ತದೆ. ಪಟ್ಟಿಯಲ್ಲಿರುವವರ ಆಟವನ್ನು ಶರತ್ಕಾಲದಲ್ಲಿ ಹೋಗಿ ನೋಡುತ್ತಾರೆ. ಇಲ್ಲದವರನ್ನು ಯಾರೂ ನೋಡುವುದಿಲ್ಲ.

ಕಾರ್ಖಾನೆಯ ಬೆಲ್ಟಿನ ಮೇಲೆ ಸಾಗುವ ಭಾಗಗಳಲ್ಲಿ ಊನವಾದದ್ದನ್ನು ವಿಡಿಯೊದಲ್ಲಿ ಹಿಡಿಯುವ ಪ್ರೋಗ್ರಾಂ ಬರೆಯಲೆಂದು ನನ್ನನ್ನು ಬೆಂಗಳೂರಿನಿಂದ ಕಳಿಸಿದ್ದರು. ಅದನ್ನು ನೋಡಿದ ಯಾರೋ, ಇದರಿಂದ ಆಟದ ವಿಡಿಯೊ ಕತ್ತರಿಸಲು ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದೆ. ಆ ಒಂದು ಮಾತಿಗೆ ನನ್ನನ್ನು ತಂಡದ ಕಚೇರಿಗೆ ಕರೆದೊಯ್ದು ಕಾಂತೊಕುವಿನ ಮುಂದೆ ನಿಲ್ಲಿಸಿದರು. ಕಾಂತೊಕು ಎಂದರೆ ತಂಡದ ಯಜಮಾನ, ಮುಖ್ಯ ತರಬೇತುದಾರ. ಅರವತ್ತು ದಾಟಿದವರು, ಹಳೆಯ ಆಟಗಾರರು, ಬಲಗೈಯ ಎರಡು ಬೆರಳು ಸೊಟ್ಟಗಾಗಿದ್ದವು. ಅವರಿಗೆ ಕಂಪ್ಯೂಟರ್ ಪರದೆ ಎಂದರೆ ಅಷ್ಟಕ್ಕಷ್ಟೆ. ಒಬ್ಬೊಬ್ಬ ಆಟಗಾರನಿಗೂ ಒಂದು ಹಾಳೆ ಬೇಕು, ಪ್ರತಿ ಆಟಕ್ಕೂ ಒಂದು ಸಾಲು, ಸಾಲಿನ ಕೊನೆಗೆ ಕೈಯಲ್ಲಿ ಹಾಕಿದ ಗುರುತು. ನನಗೆ ಜಪಾನಿ ಮಾತು ಹೇಗೋ ಬರುತ್ತಿತ್ತು, ಬರವಣಿಗೆ ಬರುತ್ತಿರಲಿಲ್ಲ. ಹಾಗಾಗಿ ಟಿಪ್ಪಣಿ ಬರೆಯದೆ ಗುರುತು ಮಾತ್ರ ಹಾಕುವುದೆಂದು ಒಪ್ಪಂದವಾಯಿತು.

ನಮ್ಮಮ್ಮ ಪ್ರೈಮರಿ ಶಾಲೆಯ ಟೀಚರ್. ಊಟದ ತಟ್ಟೆಯ ಪಕ್ಕದಲ್ಲೇ ಮಕ್ಕಳ ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ತಿದ್ದುತ್ತಿದ್ದಳು. ಸರಿಯಿದ್ದರೆ ಕೆಂಪು ಶಾಯಿಯ ಉದ್ದನೆಯ ರೈಟ್ ಮಾರ್ಕ್. ತಪ್ಪಿದ್ದಲ್ಲಿ ಸುತ್ತಲೂ ಒಂದು ಸುತ್ತು. ಏನೂ ಬರೆಯದವನಿಗೆ ಕೋಳಿಮೊಟ್ಟೆ. ನಾನೂ ಹಾಗೆಯೇ ತಿದ್ದಿದೆ. ಕೆಂಪು ಪೆನ್ ಹಿಡಿದಾಗ ಕೈ ತಾನಾಗಿಯೇ ಅಮ್ಮನ ಕೈಯಾಯಿತು, ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಮೂರು ವಾರ ಸುಮಾರು ಅರವತ್ತು ಹುಡುಗರನ್ನು ನೋಡಿದೆ. ಎಲ್ಲರೂ ಕೊನೆಯ ವರ್ಷದವರು. ಅವರಲ್ಲೊಬ್ಬ ನನ್ನ ಮನಸ್ಸಿಗೆ ಅಂಟಿಕೊಂಡ. ಗುಡ್ಡದ ಮೇಲಿನ ಒಂದು ಸಣ್ಣ ಕಾಲೇಜಿನವನು, ಕುಳ್ಳ, ಅಂಥ ವೇಗಿಯೂ ಅಲ್ಲ. ಮೈದಾನದ ಅಂಚಿನಲ್ಲಿ ನಿಂತಿದ್ದು, ಆಟ ಶುರುವಾದೊಡನೆ ಮುಂದಕ್ಕೆ ಓಡಿ, ಎಸೆದ ಚೆಂಡನ್ನು ಹಿಡಿಯುವುದು ಅವನ ಕೆಲಸ. ಆದರೆ ಚೆಂಡನ್ನು ಅವನತ್ತ ಎಸೆಯುತ್ತಿದ್ದುದೇ ಅಪರೂಪ. ಬೇರೆಯವರು ತಮಗೆ ಚೆಂಡಿಲ್ಲವೆಂದು ಗೊತ್ತಾದ ಕೂಡಲೇ ನಾಲ್ಕು ಹೆಜ್ಜೆ ಹಾಕಿ ನಿಂತುಬಿಡುತ್ತಿದ್ದರು. ಇವನು ಮಾತ್ರ ಪ್ರತಿ ಸಲ ಚೆಂಡು ತನಗೇ ಬರುತ್ತದೆಂಬಂತೆ ಕೊನೆಯವರೆಗೂ ಓಡುತ್ತಿದ್ದ. ಎದುರಾಳಿ ಅವನ ಬೆನ್ನು ಹತ್ತುತ್ತಿದ್ದ, ಅಷ್ಟರಲ್ಲಿ ಇನ್ನೊಂದು ಬದಿಯಲ್ಲಿ ಅವನ ಗೆಳೆಯ ಚೆಂಡು ಹಿಡಿದು ಚಪ್ಪಾಳೆ ಗಿಟ್ಟಿಸುತ್ತಿದ್ದ. ವಸಂತದ ಅಭ್ಯಾಸ ಪಂದ್ಯಗಳಲ್ಲಿ ಅಂಥ ಓಟಗಳನ್ನು ಎಣಿಸಿದೆ, ನಲವತ್ತೊಂದು. ನಲವತ್ತೊಂದಕ್ಕೂ ರೈಟ್ ಮಾರ್ಕ್ ಹಾಕಿದೆ. ಅಂಥ ಸಣ್ಣ ಕಾಲೇಜಿಗೆ ಬೇರೆ ಯಾವ ತಂಡದವರೂ ಬರುವವರಲ್ಲ. ನಮ್ಮ ಪಟ್ಟಿಯಲ್ಲಿ ಅವನ ಹೆಸರಿಲ್ಲದಿದ್ದರೆ ಚಳಿಗಾಲಕ್ಕೆ ಅವನ ಹೆಲ್ಮೆಟ್ ಅಟ್ಟ ಸೇರುವುದು ಖಂಡಿತವಾಗಿತ್ತು. ಜುಲೈನ ಒಂದು ಶುಕ್ರವಾರ ಹಾಳೆಗಳ ಕಟ್ಟನ್ನು ಎರಡೂ ಕೈಯಲ್ಲಿ ಕಾಂತೊಕುವಿಗೆ ಒಪ್ಪಿಸಿ ಬಂದೆ.

ಆ ಭಾನುವಾರ ಮಗಳು ತನ್ನ ಗಣಿತದ ಪತ್ರಿಕೆ ತಂದು ನನ್ನ ಮಡಿಲಲ್ಲಿ ಇಟ್ಟಳು. ಅವಳು ಎರಡನೇ ತರಗತಿ. ಅಲ್ಲಿಯವರೆಗೆ ಇಂಗ್ಲಿಷ್ ಶಾಲೆಯಲ್ಲಿದ್ದವಳನ್ನು ಆ ಏಪ್ರಿಲ್‌ನಲ್ಲಷ್ಟೇ ಮನೆಯ ಹತ್ತಿರದ ಜಪಾನಿ ಶಾಲೆಗೆ ಸೇರಿಸಿದ್ದೆವು. ಶಾಲೆಯ ಕಾಗದ ಪತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ನನ್ನ ಹೆಂಡತಿ. ಪತ್ರಿಕೆ ತುಂಬ ಕೆಂಪು ಸೊನ್ನೆಗಳಿದ್ದವು, ಕೆಳಗಡೆ ಒಂದೇ ಒಂದು ರೈಟ್ ಮಾರ್ಕ್. 

“ಇದೊಂದೇ ಸರಿ ಮಾಡಿದೀಯಲ್ಲ ಕಂದ, ಉಳಿದಿದ್ದೆಲ್ಲ ಕೋಳಿಮೊಟ್ಟೆ. ಟೀಚರ್ ಹೇಳ್ಕೊಟ್ಟಿದ್ದು ಅರ್ಥ ಆಗ್ಲಿಲ್ವಾ?” ಎಂದೆ.

ಅವಳ ತುಟಿ ಅದುರಿತು. “ಅಪ್ಪಾ, ದಿಸ್ ಈಸ್ ಮಾರು. ಮಾರು ಈಸ್ ಕರೆಕ್ಟ್,” ಎಂದು ಸೊನ್ನೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ರೈಟ್ ಮಾರ್ಕ್ ತೋರಿಸಿ, “ಓನ್ಲಿ ದಿಸ್ ಒನ್ ಈಸ್ ರಾಂಗ್,” ಎಂದು ಅಳುತ್ತ ಅಮ್ಮನ ಹತ್ತಿರ ಹೋದಳು.

“ಮಗು ಒಂದು ಬಿಟ್ಟು ಎಲ್ಲಾ ಸರಿ ಮಾಡ್ಕೊಂಡು ಬಂದಿದೆ, ಬೈತಾ ಕೂತಿದೀರಲ್ರೀ,” ಎಂದು ಅಡುಗೆಮನೆಯಿಂದ ಹೆಂಡತಿ ಅಂದಳು. “ಇಲ್ಲಿ ಸುತ್ತು ಹಾಕಿದ್ರೆ ಸರಿ, ಟಿಕ್ ಹಾಕಿದ್ರೆ ತಪ್ಪು. ಮೂರು ವರ್ಷ ಆಯ್ತು ಬಂದು, ಇಷ್ಟೂ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಮಗಳನ್ನು ಎತ್ತಿಕೊಂಡು ತಪ್ಪಾಯಿತು ಎಂದು ನಾಲ್ಕು ಸಲ ಹೇಳಿದೆ, ಅವಳು ಕ್ಷಮಿಸಿಯೂ ಬಿಟ್ಟಳು. ಆದರೆ ಅವಳ ಕಣ್ಣೊರೆಸುವಾಗಲೇ ನನಗೆ ನನ್ನ ಕೆಂಪು ಪೆನ್ ನೆನಪಾಯಿತು. ಅರವತ್ತು ಹಾಳೆಗಳೂ ತಲೆಕೆಳಗಾಗಿ ಕಾಂತೊಕುವಿನ ಮೇಜಿನ ಮೇಲೆ ಕೂತಿದ್ದವು. ಚೆನ್ನಾಗಿ ಆಡಿದವರೆಲ್ಲ ಫೇಲು. ಆ ಕುಳ್ಳ ಹುಡುಗನ ಹಾಳೆಯಲ್ಲಂತೂ ನಲವತ್ತೊಂದು ತಪ್ಪು.

ಸೋಮವಾರ ಬೆಳಿಗ್ಗೆ ಮಗಳ ಅನುಮತಿ ಪಡೆದು, ಅವಳ ಪತ್ರಿಕೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ತಲುಪಬೇಕೆಂದು ತಂಡದ ಕಚೇರಿಗೆ ಹೋದೆ. ಕಾಂತೊಕು ನನಗಿಂತ ಮೊದಲೇ ಬಂದಿದ್ದರು. ಪಟ್ಟಿ ಶನಿವಾರವೇ ಮುಗಿದು ಗೋಡೆಯ ಮೇಲೆ ಏರಿತ್ತು. ಮೊದಲನೆಯ ಹೆಸರು ದೊಡ್ಡ ಕಾಲೇಜಿನ ಒಬ್ಬ ಎತ್ತರದ ಹುಡುಗನದು. ನನ್ನ ಕೈಯಿಂದ ಅತಿ ಹೆಚ್ಚು ಮೊಟ್ಟೆ ಪಡೆದವನು ಅವನೇ. ಕುಳ್ಳನ ಹಾಳೆ, ಹರಿದು ಹಾಕಲೆಂದು ಇಟ್ಟಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲಿತ್ತು.

‘ಸುಮಿಮಾಸೆನ್’, ಕ್ಷಮಿಸಿ, ಎಂದು ಬಗ್ಗಿದವನು ಏಳಲೇ ಇಲ್ಲ. ಬಗ್ಗಿಕೊಂಡೇ ಪತ್ರಿಕೆ ಮುಂದಿಟ್ಟು, ನನಗೆ ಬರುವ ಮುರುಕು ಜಪಾನಿಯಲ್ಲಿ ಎಲ್ಲವನ್ನೂ ಹೇಳಿದೆ. ಇದು ನನ್ನ ಮಗಳ ಪತ್ರಿಕೆ, ನಮ್ಮ ದೇಶದಲ್ಲಿ ಇದು ಸರಿಯ ಗುರುತು, ಇದು ತಪ್ಪಿನದು, ನಿಮ್ಮ ಪಟ್ಟಿ ಪೂರ್ತಿ ನನ್ನಿಂದ ಕೆಟ್ಟಿದೆ ಎಂದೆ. ಬೈದರೆ ಬೈಸಿಕೊಳ್ಳುವುದು, ಓಡಿಸಿದರೆ ಓಡುವುದು ಎಂದು ಸಿದ್ಧನಾಗಿಯೇ ಬಂದಿದ್ದೆ.

ಕಾಂತೊಕು ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಬಹಳ ಹೊತ್ತು ನೋಡಿದರು.

“ಹದಿಮೂರರಿಂದ ಎಂಟು ಕಳೆಯುವಾಗ ತಪ್ಪಿದ್ದಾಳೆ. ನನ್ನ ಮೊಮ್ಮಗನೂ ಅಲ್ಲೇ ತಪ್ಪುತ್ತಾನೆ,” ಎಂದರು. ಆಮೇಲೆ, “ಭಾರತದವರ ಕಣ್ಣು ಬಹಳ ಕಟ್ಟುನಿಟ್ಟು ಅಂತ ಶನಿವಾರವೆಲ್ಲ ಅಂದುಕೊಂಡೆ. ಇನ್ನೇನು ಹಾಳೆ ಸರಿ, ನಮ್ಮ ಕಣ್ಣೇ ಸರಿಯಿಲ್ಲ ಅನ್ನುವುದರಲ್ಲಿದ್ದೆ,” ಎಂದರು.

ಎದ್ದು ಹೋಗಿ ಗೋಡೆಯ ಪಟ್ಟಿಯನ್ನು ಕಿತ್ತರು. ಪೆಟ್ಟಿಗೆಯಿಂದ ಕುಳ್ಳನ ಹಾಳೆಯನ್ನು ತೆಗೆದು ಮೇಜಿನ ಮೇಲೆ ಅಂಗೈಯಿಂದ ಒತ್ತಿ ಸುಕ್ಕು ಬಿಡಿಸಿದರು.

“ಇವನಿಗೆ ಚೆಂಡೇ ಬಂದಿಲ್ಲ. ಆದರೂ ಇಷ್ಟೊಂದು ಸರಿ ಹೇಗೆ ಹಾಕಿದಿರಿ?”

ನಾನು ವಿಡಿಯೊ ತೋರಿಸಿದೆ. ಒಂದಾದ ಮೇಲೊಂದು ಎಲ್ಲ ಓಟಗಳನ್ನೂ ನೋಡಿದರು. ಆ ವಾರವೆಲ್ಲ ಇಬ್ಬರೂ ಕೂತು ಅರವತ್ತು ಹಾಳೆಗಳನ್ನೂ ಹೊಸದಾಗಿ ಮಾಡಿದೆವು. ಹೊಸ ಪಟ್ಟಿಯ ಕೊನೆಯ ಹೆಸರು ಅವನದಾಯಿತು. ಎತ್ತರದ ಹುಡುಗ ಎರಡು ದಿನ ತಾನು ಮೊದಲನೆಯವನಾಗಿದ್ದೆನೆಂದು ತಿಳಿಯದೆಯೇ ಕೆಳಗಿಳಿದ. ಅವನ ಬಗ್ಗೆಯೂ ನನಗೆ ಸ್ವಲ್ಪ ಪಾಪಪ್ರಜ್ಞೆ ಇದೆ.

ನವೆಂಬರ್‌ನಲ್ಲಿ ಕಾಂತೊಕು ಮತ್ತು ನಾನು ರೈಲು ಹಿಡಿದು ಕುಳ್ಳ ಹುಡುಗನ ಕೊನೆಯ ಪಂದ್ಯ ನೋಡಲು ಹೋದೆವು. ನೋಡಲು ಬಂದಿದ್ದವರು ಆಟಗಾರರಿಗಿಂತ ಕಡಿಮೆ. ಅವನತ್ತ ಎರಡು ಸಲ ಚೆಂಡು ಬಂತು. ಒಂದನ್ನು ಹಿಡಿದ, ಒಂದನ್ನು ಕೈಚೆಲ್ಲಿದ. ಉಳಿದಷ್ಟೂ ಹೊತ್ತು ಸುಮ್ಮನೆ ಓಡಿದ. ಕಾಂತೊಕು ಕೈಕಟ್ಟಿ ನಿಂತಿದ್ದರು, ಮುಖದಿಂದ ಏನೂ ತಿಳಿಯಲಿಲ್ಲ. ಇಷ್ಟು ದೂರ ಬಂದು ಕೈಚೆಲ್ಲಿದ್ದನ್ನೇ ನೋಡಿಬಿಟ್ಟರಲ್ಲ ಎಂದು ನಾನು ಸಂಕಟಪಟ್ಟೆ. ಅವನು ನನ್ನ ಸ್ವಂತ ತಮ್ಮನೇ ಆಗಿದ್ದರೂ ಅಷ್ಟು ಸಂಕಟಪಡುತ್ತಿದ್ದೆನೋ ಇಲ್ಲವೋ.

ಪಂದ್ಯ ಮುಗಿದ ಮೇಲೆ ಹುಡುಗ ಹೆಲ್ಮೆಟ್ ಕೈಯಲ್ಲಿ ಹಿಡಿದು ನಮ್ಮ ಮುಂದೆ ಬಂದು ನಿಂತ. ಕೆನ್ನೆಯ ಮೇಲೆ ಮಣ್ಣಿತ್ತು. ಒಂದು ಕಂಪನಿಯ ತಂಡದವರು ತನ್ನನ್ನು ನೋಡಲೆಂದೇ ಬಂದಿದ್ದಾರೆ ಎಂಬುದು ಅವನಿಗೆ ನಂಬಿಕೆಯಾಗಿರಲಿಲ್ಲ. ತನ್ನ ಯಾವ ಆಟ ನೋಡಿ ಬಂದಿರಿ ಎಂದು ಮೆಲ್ಲಗೆ ಕೇಳಿದ. ಕಾಂತೊಕು ನನ್ನ ಕಡೆ ತಿರುಗಿ, ನೀವೇ ಹೇಳಿ ಎಂಬಂತೆ ತಲೆಯಾಡಿಸಿದರು.

“ಚೆಂಡು ಬಾರದ ಆಟಗಳನ್ನು,” ಎಂದೆ. “ವಸಂತದಲ್ಲಿ ನಲವತ್ತೊಂದು ಸಲ ಚೆಂಡು ಬೇರೆ ಕಡೆ ಹೋಯಿತು. ನಲವತ್ತೊಂದು ಸಲವೂ ನೀವು ಕೊನೆಯವರೆಗೆ ಓಡಿದ್ದೀರಿ.”

ಅವನ ಕಣ್ಣು ತುಂಬಿ ಬಂತು. ಬಗ್ಗಿ ನಮಸ್ಕರಿಸಿದ. ಎದ್ದವನು, “ಮೂವತ್ತೆಂಟು ಸಲ,” ಎಂದ. “ಮೂರು ಸಲ ಕೊನೆಯಲ್ಲಿ ಕಾಲು ಸಡಿಲ ಬಿಟ್ಟಿದ್ದೆ. ಕ್ಷಮಿಸಿ.” ಯಾವ ಮೂರು ಎಂದು ಕಾಂತೊಕು ಕೇಳಿದರು. ಯಾವ ಪಂದ್ಯ, ಎಷ್ಟನೆಯ ಆಟ ಎಂದು ಅವನು ಬಾಯಿಪಾಠದಂತೆ ಹೇಳಿದ.

ಹಿಂತಿರುಗುವ ರೈಲಿನಲ್ಲಿ ಕಾಂತೊಕು ಲ್ಯಾಪ್‌ಟಾಪ್ ತೆಗೆಸಿದರು. ಆ ಮೂರು ಓಟಗಳನ್ನು ಮೊದಲು ಹಾಗೆಯೇ ನೋಡಿದೆವು, ಆಮೇಲೆ ನಿಧಾನಗೊಳಿಸಿ, ಕೊನೆಗೆ ಒಂದೊಂದೇ ಚಿತ್ರವಾಗಿ. ಬೆಲ್ಟಿನ ಮೇಲೆ ಕೂದಲೆಳೆಯಷ್ಟು ಬಿರುಕನ್ನೂ ಹಿಡಿಯುವ ನನ್ನ ಪ್ರೋಗ್ರಾಂಗೆ ಅವನು ಎಲ್ಲಿ ಕಾಲು ಸಡಿಲ ಬಿಟ್ಟನೆಂದು ಸಿಗಲಿಲ್ಲ. ನಲವತ್ತು ವರ್ಷ ಈ ಆಟದಲ್ಲೇ ಕಳೆದ ಕಾಂತೊಕುವಿಗೂ ಸಿಗಲಿಲ್ಲ. ಅದು ಅವನೊಬ್ಬನಿಗೇ ಗೊತ್ತಿದ್ದದ್ದು. ಹೇಳದಿದ್ದರೆ ನಡೆಯುತ್ತಿತ್ತು ಎಂಬುದೂ ಅವನಿಗೆ ಗೊತ್ತಿತ್ತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಎರಡು ಸ್ಟೇಷನ್ ದಾಟಿದ ಮೇಲೆ ಕಾಂತೊಕು ಲ್ಯಾಪ್‌ಟಾಪ್ ಮುಚ್ಚಿ ನನ್ನ ಕೈಗೆ ಕೊಟ್ಟರು.

“ಏಪ್ರಿಲ್‌ಗೆ ಬರಲು ಹೇಳುತ್ತೇನೆ,” ಎಂದರು. “ಆ ಮೂರನ್ನು ನಮ್ಮಲ್ಲಿ ಬಂದು ಸರಿಮಾಡಿಕೊಳ್ಳಲಿ.”