ಮಂಗಲವಾಗದ ಕಾದಂಬರಿ

ಒಂದು ಒಳ್ಳೆಯ ಪುಸ್ತಕ ಹೇಳಿ ಎಂದು ಯಾರಾದರೂ ಕೇಳಿದರೆ, ಓದುವವರು ಯಾರು, ಕೇಳುವವರು ಯಾರು ಎಂದು ನಾನು ತಿರುಗಿ ಕೇಳುತ್ತೇನೆ. ಕೇಳುವುದಕ್ಕೆ ಪುಸ್ತಕವೇನು ರೇಡಿಯೋವೇ ಎಂದು ಈಗಿನ ಹುಡುಗಿಯರು ನಗುತ್ತಾರೆ. ನಗಲಿ. ಈ ಪ್ರಶ್ನೆಯನ್ನು ನಾನು ಕಲಿತದ್ದು ಬಬಲೇಶ್ವರದ ಒಂದು ಪಡಸಾಲೆಯಲ್ಲಿ, ನನ್ನ ಸೊಕ್ಕು ಇಳಿದ ದಿನ.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಾಪುರದ ಒಂದು ವಾಚನಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸಕ್ಕೆ ಸೇರಿದ್ದೆ. ವಯಸ್ಸು ಇಪ್ಪತ್ತೆರಡು. ನೌಕರಿ ಸಣ್ಣದು, ಗತ್ತು ದೊಡ್ಡದು. ಬಂದವರು ಕೇಳಿದ್ದನ್ನು ಸುಮ್ಮನೆ ಕೊಟ್ಟು ಕಳಿಸುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ. ಘೋಣಸಗಿಯ ರೈತರೊಬ್ಬರು ಊರಲ್ಲಿ ಆಡಲು ನಾಟಕ ಕೇಳಿದರೆ ಜೊತೆಗೊಂದು ಇತಿಹಾಸದ ಪುಸ್ತಕ ಹೊರಿಸುತ್ತಿದ್ದೆ. ತಿಕೋಟಾದ ಮಾಸ್ತರರಿಗೆ ಬೇಡವೆಂದರೂ ಲಲಿತ ಪ್ರಬಂಧ. ಇಬ್ರಾಹಿಂಪುರದ ವಯಸ್ಸಾದ ಟೇಲರ್ ಒಬ್ಬರು ಪತ್ತೇದಾರಿ ಕಾದಂಬರಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಅವರಿಗೆ ಹಿಮಾಲಯದ ಪ್ರವಾಸ ಕಥನ ಅಂಟಿಸಿದೆ. ನಾಲ್ಕನೇ ದಿನಕ್ಕೆ ಅದನ್ನು ಮೇಜಿನ ಮೇಲಿಟ್ಟು, "ಬೇಟಿ, ಇಂವ ಇಷ್ಟು ಊರು ತಿರಗ್ಯಾನ, ಒಂದ ಹೆಣಾನೂ ಸಿಗಲಿಲ್ಲಲ್ಲ" ಎಂದರು.

ನಮ್ಮ ಹಿರಿಯ ಗ್ರಂಥಪಾಲರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರು ನನ್ನನ್ನು ಗದರುತ್ತಿರಲಿಲ್ಲ. ಒಮ್ಮೆ ಮಾತ್ರ, "ಔಷಧ ಕೊಡೋ ಮುಂದ ಡಾಕ್ಟರ ನಾಡಿ ನೋಡತಾನ. ನೀ ಬರೇ ಮಾರಿ ನೋಡಿ ಕೊಡಾಕತ್ತಿ" ಎಂದಿದ್ದರು. ಅದು ಹೊಗಳಿಕೆಯೇ ಇರಬೇಕು ಎಂದುಕೊಂಡೆ.

ಹೀಗಿರುವಾಗ ಬಬಲೇಶ್ವರದ ಕಿರಾಣಿ ಅಂಗಡಿಯವರೊಬ್ಬರು ಬರತೊಡಗಿದರು. ಅಂಗಡಿಗೆ ಸಾಮಾನು ಒಯ್ಯಲು ಪ್ರತಿ ಶನಿವಾರ ವಿಜಾಪುರಕ್ಕೆ ಬರುವವರು. ಅಂಗಡಿಯ ಲೆಕ್ಕ ಬಿಟ್ಟರೆ ಸ್ವತಃ ಏನೂ ಓದುವವರಲ್ಲ.

"ನಮ್ಮ ಮನಿಯಾಕಿ ಏಳನೇ ಇಯತ್ತಾ ಮಟ ಸಾಲಿ ಕಲತಾಳ್ರಿ ಅಕ್ಕಾರ. ಒಂದು ಚಲೋ ಪುಸ್ತಕಾ ಕೊಡ್ರಿ."

"ಯಾವ ತರಹದ್ದು ಬೇಕ್ರಿ?"

"ದಪ್ಪಂದು ಕೊಡ್ರಿ. ಎಂಟ ದಿನಾ ಬರಬೇಕು."

ನನಗೆ ಬೇಕಾದದ್ದೂ ಇಂಥ ಓದುಗರೇ. ಮೊದಲು ಸಣ್ಣ ಕಥೆಗಳನ್ನು ಕೊಟ್ಟೆ. ಮರುವಾರ ಪುಸ್ತಕ ಬೆಲ್ಲದ ವಾಸನೆ ಹೊತ್ತು ಮರಳಿತು, ಹಾಳೆಗಳ ಸಂದಿಯಲ್ಲಿ ಜೋಳದ ಹಿಟ್ಟು, ಜೊತೆಗೊಂದು ಚೀಟಿ. ದುಂಡನೆಯ ಅಕ್ಷರದಲ್ಲಿ, "ಕಥೆಗಳು ಎಲ್ಲರಿಗೂ ಹಿಡಿಸಿದವು" ಎಂದಿತ್ತು. ಟೇಲರ್ ಒಲ್ಲೆನೆಂದ ಹಿಮಾಲಯ ಕಳಿಸಿದೆ. "ಬರ್ಫ ಎಷ್ಟು ತಣ್ಣಗಿರುತ್ತದೆ ಎಂದು ಮನೆಯಲ್ಲಿ ಕೇಳಿದರು. ನನಗೆ ಹೇಳಲು ಬರಲಿಲ್ಲ" ಎಂದು ಚೀಟಿ ಬಂತು. ನಾಟಕ ಕಳಿಸಿದೆ. "ನಾಟಕ ಕಷ್ಟ. ಎಲ್ಲರ ದನಿಯನ್ನೂ ನಾನೊಬ್ಬಳೇ ತೆಗೆಯಬೇಕಾಯಿತು." ಎಷ್ಟು ಚಂದ ಬರೆಯುತ್ತಾಳೆ ಎಂದು ಚೀಟಿಗಳನ್ನೆಲ್ಲ ಕೂಡಿಟ್ಟೆ. ಅವುಗಳಲ್ಲಿ ಬರೆದದ್ದನ್ನು ಮಾತ್ರ ಓದಲಿಲ್ಲ.

ಈಗ ಆಕೆಗೆ ಒಂದು ದೊಡ್ಡ ಕಾದಂಬರಿ ಕೊಡುವ ಕಾಲ ಬಂತು ಎನಿಸಿತು. ನಾನೇ ಅತ್ತುಕೊಂಡು ಓದಿದ ಕಾದಂಬರಿಯೊಂದಿತ್ತು. ಅದರ ಅತ್ತೆ ಸೊಸೆಗೆ ರೊಟ್ಟಿ ಎಣಿಸಿ ಹಾಕುವವಳು, ಹಾಲಿನ ಕಪಾಟಿಗೆ ಕೀಲಿ ಹಾಕುವವಳು. ಕಿರಾಣಿ ಅಂಗಡಿಯ ಮನೆ, ಏಳನೇ ಇಯತ್ತೆಗೆ ನಿಂತ ಓದು, ಅಂಗಡಿಯವರು ಒಮ್ಮೆ ಮಾತಿನ ನಡುವೆ 'ನಮ್ಮವ್ವ' ಎಂದಿದ್ದರಿಂದ ಮೇಲೊಬ್ಬ ಅತ್ತೆ. ಆಕೆಯ ದುಃಖವನ್ನೆಲ್ಲ ಕಲ್ಪಿಸಿಕೊಳ್ಳಲು ನನಗೆ ಇಷ್ಟೇ ಸಾಕಾಗಿತ್ತು. ಪಾಪ, ಓದಿ ಧೈರ್ಯ ತಂದುಕೊಳ್ಳಲಿ ಎಂದು, "ಇದು ನಿಮಗಾಗಿಯೇ ಆರಿಸಿದ್ದು" ಎಂಬ ಚೀಟಿಯನ್ನೂ ಒಳಗಿಟ್ಟು ಕಳಿಸಿದೆ.

ಮುಂದಿನ ಶನಿವಾರ ಅಂಗಡಿಯವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಮೂರನೆಯ ಶನಿವಾರ ಬರಿಗೈಯಲ್ಲಿ ಬಂದು ಬಾಗಿಲಲ್ಲೇ ನಿಂತರು.

"ಇನ್ನ ಪುಸ್ತಕಾ ಬ್ಯಾಡ್ರಿ ಅಕ್ಕಾರ. ಮನ್ಯಾಗ ಭಾಳ ಗದ್ದಲ ಆಗೇತಿ."

"ಏನಾತ್ರಿ?"

"ಆಕಿ ಒಬ್ಬಾಕಿನ ಓದಂಗಿಲ್ರಿ. ಮಧ್ಯಾಹ್ನ ನಮ್ಮವ್ವ ಜ್ವಾಳಾ ಹಸನ ಮಾಡತಾಳ, ಈಕಿ ಜೋರಲೇ ಓದತಾಳ. ನಮ್ಮವ್ವಗ ಓದಾಕ ಬರಂಗಿಲ್ಲ. ಬಾಜೂ ಮನಿ ಹೆಣಮಕ್ಕಳೂ ಬರತಾರ."

ಶ್ರಾವಣದಲ್ಲಿ ಮಠದೊಳಗೆ ಪುರಾಣ ಹಚ್ಚುವುದು ನನಗೇನು ಗೊತ್ತಿಲ್ಲದ್ದಲ್ಲ. ಒಬ್ಬರು ಓದುವುದು, ಉಳಿದವರು ಕೇಳುವುದು, ಒಮ್ಮೆ ಹಚ್ಚಿದ ಪುರಾಣವನ್ನು ಕೊನೆಮುಟ್ಟಿಸಿ ಮಂಗಲ ಮಾಡದೆ ಎದ್ದು ಹೋಗದಿರುವುದು. ಆ ಮನೆಯ ಅತ್ತೆ ಅದೇ ಕಟ್ಟಳೆಯನ್ನು ಕಥೆ ಕಾದಂಬರಿಗಳಿಗೂ ತಂದಿದ್ದರು. ನೆರೆಯವರೆಲ್ಲ ಸುತ್ತ ಕೂತಿರುವಾಗ, ಸೊಸೆಯ ಬಾಯಿಂದ, ಸೊಸೆಯ ರೊಟ್ಟಿ ಎಣಿಸುವ ಅತ್ತೆಯ ಕಥೆಯನ್ನು ಅವರು ದಿನವೂ ಕೇಳಿದ್ದರು. ಐದನೆಯ ದಿನ ಯಾರೋ ಮುಸಿಮುಸಿ ನಕ್ಕರು. ಆಮೇಲೆ ನನ್ನ ಚೀಟಿ ಸಿಕ್ಕಿತು, ಮಗನಿಂದ ಓದಿಸಿದರು. ನಿಮಗಾಗಿಯೇ ಎಂದರೆ ಅರ್ಥವೇನು? ಸೊಸೆ ಚೀಟಿಗಳಲ್ಲಿ ಮನೆಯ ದೂರನ್ನೆಲ್ಲ ವಿಜಾಪುರಕ್ಕೆ ಮುಟ್ಟಿಸಿದ್ದಾಳೆ ಎಂದೇ ಆಯಿತು. ಇನ್ನು ಮೇಲೆ ಪುಸ್ತಕ ಈ ಹೊಸ್ತಿಲು ದಾಟಬಾರದು, ಇದ್ದದ್ದನ್ನು ಶೇಂಗಾ ಪೊಟ್ಟಣಕ್ಕೆ ಹರಿಯಿರಿ ಎಂದು ಅಪ್ಪಣೆಯಾಗಿತ್ತು. ಅತ್ತೆ ಸೊಸೆ ಮಾತು ಬಿಟ್ಟಿದ್ದರು.

ಆ ಹೆಣ್ಣುಮಗಳಿಗಿದ್ದ ಒಂದೇ ಸುಖವನ್ನು ನಾನೇ ಕೈಯಾರೆ ಕಸಿದಿದ್ದೆ. ಚಾಚಾ ಎಲ್ಲ ಕೇಳಿ, "ನಾಳೆ ಸೂಟಿ ಐತಿ, ಹೋಗಿ ಬಾ. ಪುಸ್ತಕಾ ತರಾಕಲ್ಲ, ಆ ಹುಡಿಗಿ ಸಲುವಾಗಿ" ಎಂದರು.

ಚೀಟಿಗಳನ್ನು ಚೀಲದಲ್ಲಿಟ್ಟುಕೊಂಡು ಮಮದಾಪುರದ ಬಸ್ಸು ಹತ್ತಿ ಬಬಲೇಶ್ವರದಲ್ಲಿ ಇಳಿದೆ. ಪಡಸಾಲೆಯಲ್ಲಿ ಮೊರದ ತುಂಬ ಜೋಳ ಇಟ್ಟುಕೊಂಡು ಅತ್ತೆ ಒಬ್ಬರೇ ಕೂತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಸೊಸೆ ಬಂದು ನಿಂತಳು. ನಾನು ಮನಸ್ಸಿನಲ್ಲಿ ಸಾಕಿಕೊಂಡಿದ್ದ ಬಡಕಲು ದುಃಖಿ ಅಲ್ಲಿರಲಿಲ್ಲ. ಮೈಕೈ ತುಂಬಿಕೊಂಡ, ಕಿವಿಯಲ್ಲಿ ಬೆಂಡೋಲೆ ಹಾಕಿದ ಗಟ್ಟಿ ಹೆಂಗಸು. ಕಣ್ಣು ಮಾತ್ರ ಬಾತಿದ್ದವು.

"ನೀನ ಏನವಾ ಪುಸ್ತಕಾ ಕಳಿಸಾಕಿ?" ಎಂದರು ಅತ್ತೆ.

"ಹೌದ್ರಿ ಆಯಿ."

"ಈಕಿ ನನ್ನ ಮ್ಯಾಲ ಏನೇನು ಬರದಾಳ?"

"ಏನೂ ಬರದಿಲ್ರಿ. ತಪ್ಪೆಲ್ಲಾ ನಂದು. ನಾನ ಆರಿಸಿ ಕಳಿಸಿದೆ." ಚೀಟಿಗಳನ್ನು ತೆಗೆದು ಒಂದೊಂದಾಗಿ ಓದಿದೆ. ಅವರು ಜೋಳದ ಮೇಲಿನ ಕಣ್ಣು ಎತ್ತಲಿಲ್ಲ. ಬರ್ಫಿನ ಚೀಟಿ ಬಂದಾಗ ಕೈ ನಿಂತಿತು.

"ಅದು ನಾನ ಕೇಳಿದ್ದು" ಎಂದರು.

ಎಲ್ಲ ಚೀಟಿಗಳೂ ಮುಗಿದವು. ಅವರು ಸೊಸೆಯತ್ತ ಒಮ್ಮೆ ನೋಡಿ ನನ್ನ ಕಡೆ ತಿರುಗಿದರು.

"ಆಕಿ ಹೇಳಿಲ್ಲ, ನೀ ನನ್ನ ಮಾರೀನೂ ನೋಡಿಲ್ಲ. ಮತ್ತ ಈ ಮನಿ ಅತ್ತಿ ಅಂಥಾಕಿ ಅಂತ ನಿನಗ ಯಾರ ಹೇಳಿದರವಾ?"

ಯಾರೂ ಹೇಳಿರಲಿಲ್ಲ. ಅಷ್ಟು ನಾಚಿಕೆ ನನಗೆ ಆಮೇಲೆ ಬಹಳ ಸಲ ಆಗಿಲ್ಲ.

ಸೊಸೆ ಚಹಾ ತಂದಿಟ್ಟಳು. ಆಯಿ ನಾಲ್ಕು ಕಲ್ಲು ಆರಿಸಿ ಆಚೆ ಒಗೆದರು. ಆಮೇಲೆ ಯಾವುದೋ ಊರಿನ ಸುದ್ದಿ ಕೇಳುವವರಂತೆ ಕೇಳಿದರು: "ಅದಿರ್ಲಿ. ಆ ಅತ್ತಿ ಕಡೀಕ ಏನಾದಳು?"

ಕೆಟ್ಟದ್ದನ್ನು ಸರಿಪಡಿಸಲು ಇದೇ ಹೊತ್ತು ಎನಿಸಿತು. "ಕಡೀಕ ಸುಧಾರಿಸಿದಳ್ರಿ ಆಯಿ. ಸೊಸಿ ಕೈ ಹಿಡಕೊಂಡು ತಪ್ಪಾತು ಅಂದಳು. ಇಬ್ಬರೂ ಚಲೋತ್ನಂಗ ಇದ್ದರು" ಎಂದೆ.

ಆಯಿ ನಕ್ಕೇಬಿಟ್ಟರು. "ಸುಳ್ಳ ಹೇಳತಿ. ಅಂಥಾಕಿ ಅಷ್ಟು ಲಗೂನ ಬಗ್ಗಂಗಿಲ್ಲ. ನಾನೂ ಅತ್ತಿನ ಅದೀನಿ. ನಿನಗ ಓದಾಕ ಬರತೈತಿ ತಂಗಿ, ಕೇಳಾಕ ಬರಂಗಿಲ್ಲ." ಆಮೇಲೆ, ಹದಿನೈದು ದಿನಗಳಲ್ಲಿ ಮೊದಲ ಸಲ, ಸೊಸೆಯೊಡನೆ ಮಾತಾಡಿದರು. "ಹೋಗವಾ, ಆ ಪುಸ್ತಕಾ ತಗೊಂಡ ಬಾ. ಹಚ್ಚಿದ್ದು ಅರ್ಧಕ್ಕ ಬಿಟ್ಟು, ನನಗ ಉಂಡ ಅನ್ನ ಮೈಗೆ ಹತ್ತವಲ್ದು."

ಕಾದಂಬರಿ ಪೊಟ್ಟಣದ ರದ್ದಿಯ ಮೇಲೆಯೇ ಇತ್ತು. ಒಂದು ಹಾಳೆಯೂ ಹರಿದಿರಲಿಲ್ಲ. ಕೊನೆಗೆ ಎರಡೇ ಅಧ್ಯಾಯ ಉಳಿದಿರುವಾಗ ಓದು ನಿಂತಿತ್ತು, ಆ ಪುಟದಲ್ಲಿ ಒಣಗಿದ ಜೋಳದ ಗರಿಯೊಂದಿತ್ತು. ಅದನ್ನು ತಾನಿಟ್ಟಿರಲಿಲ್ಲ, ಅತ್ತೆಯೇ ಇಟ್ಟಿರಬೇಕು ಎಂದು ಸೊಸೆ ಆಮೇಲೆ ಪಿಸುಗುಟ್ಟಿದಳು.

ಸೊಸೆ ಕಂಬಕ್ಕೆ ಒರಗಿ ಓದತೊಡಗಿದಳು. ಎಂಥ ದನಿ! ಗಂಡಸರಿಗೊಂದು, ಮಕ್ಕಳಿಗೊಂದು, ನಾನು ಕಣ್ಣಲ್ಲಿ ಓದಿದಾಗ ಕೇಳದೇ ಹೋದದ್ದೆಲ್ಲ ಕೇಳಿಸಿತು. ಅತ್ತೆಯ ಮಾತು ಬಂದಲ್ಲಿ ಮಾತ್ರ ದನಿ ಇಳಿಸಿ ಬೇಗ ಬೇಗ ದಾಟುತ್ತಿದ್ದಳು.

"ಮೆತ್ತಗ ಮಾಡಬ್ಯಾಡ" ಎಂದರು ಆಯಿ. "ಹೆಂಗ ಐತಿ ಹಂಗ ಓದು."

ಅವಳು ಹಾಗೆಯೇ ಓದಿದಳು. ಕಥೆಯ ಸೊಸೆ ಟ್ರಂಕು ಎತ್ತಿಕೊಂಡು ಮನೆ ಬಿಟ್ಟು ಹೋದಳು. ಕೊನೆಯ ಪುಟದಲ್ಲಿ ಆ ಅತ್ತೆ ರೂಢಿಯಂತೆ ಎರಡು ತಾಟು ಹಾಕಿ, ಸ್ವಲ್ಪ ಹೊತ್ತು ನೋಡಿ, ಒಂದನ್ನು ಎತ್ತಿಡುತ್ತಾಳೆ. ಅಷ್ಟೇ. ಹಿಂದೆ ಓದಿದಾಗ ನಾನು ಅತ್ತದ್ದೆಲ್ಲ ಸೊಸೆಗಾಗಿ. ಈ ತಾಟು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಆಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಪುಸ್ತಕ ಈಸಿಕೊಂಡು ಅದರ ಮೇಲೆ ನಾಲ್ಕು ಕಾಳು ಜೋಳ ಹಾಕಿ ಕೈಮುಗಿದು, "ಮಂಗಲ ಆತು" ಎಂದು ನನ್ನ ಕೈಗೆ ಕೊಟ್ಟರು.

ಬಸ್ಸಿಗೆ ಹೊತ್ತಾಗಿತ್ತು. ಹೊಸ್ತಿಲ ತನಕ ಬಂದು ಹೇಳಿದರು: "ಮುಂದಿನ ವಾರ, ಸೊಸಿ ಮನಿ ಬಿಟ್ಟು ಹೋಗಲಾರದಂಥಾದ್ದು ಒಂದು ಇದ್ದರ ಕಳಿಸವಾ."

"ನಾ ಎಲ್ಲಿ ಹೊಂಟೇನ್ರಿ ಅತ್ತಿ?" ಎಂದಳು ಸೊಸೆ.

"ನಿಂದಲ್ಲ, ಪುಸ್ತಕದಾಗಿನಾಕೀದು ಹೇಳಾಕತ್ತೇನಿ" ಎಂದರು ಆಯಿ. ಆದರೆ ಸೊಸೆಯ ಸೆರಗಿನ ತುದಿ ಅವರ ಮುಷ್ಟಿಯಲ್ಲಿತ್ತು.

ಆ ವಾರವೆಲ್ಲ ಕಪಾಟು ಹುಡುಕಿದೆ. ನಮ್ಮ ಕಾದಂಬರಿಗಳ ಅತ್ತೆಯರು ಒಂದೋ ಕೆಟ್ಟವರು, ಇಲ್ಲವೇ ಮೊದಲ ಅಧ್ಯಾಯಕ್ಕೂ ಮುಂಚೆ ಸತ್ತವರು. ಸೊಸೆಯರು ಓಡಿಹೋದರು, ಬಾವಿಗೆ ಬಿದ್ದರು. ಚಾಚಾ ಏಣಿ ಹತ್ತಿ ಮೇಲಿನ ಸಾಲುಗಳನ್ನೂ ನೋಡಿ ಕೈ ಧೂಳು ಕೊಡವಿಕೊಂಡು ಇಳಿದರು. "ಅಂಥಾ ಪುಸ್ತಕಾ ಯಾರೂ ಬರದಿಲ್ಲ ಬೇಟಿ" ಎಂದರು.

ಶನಿವಾರ ಅಂಗಡಿಯವರು ಬಂದಾಗ, ಬರ್ಫಿನ ಮಾತು ಕೇಳಿದ್ದ ಆಯಿಗೆಂದು, ಹಿಮಾಲಯದ ಪುಸ್ತಕವನ್ನೇ ಮತ್ತೆ ಕೊಟ್ಟೆ. ನೀವು ಕೇಳಿದ್ದು ಸಿಕ್ಕಿಲ್ಲ, ಹುಡುಕುತ್ತಿದ್ದೇನೆ, ಆಯಿಗೆ ಇದನ್ನು ಜೋರಾಗಿ ಓದಿ ಹೇಳಿ ಎಂದು ಚೀಟಿ ಬರೆದೆ.