ತಾನೇ ಬರೆದು ತಾನೇ ಓದಿದ ಯಂತ್ರ

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೆಲವು ತಿಂಗಳು ಒಂದು ಸುದ್ದಿ ಓಡಾಡಿತು: ಕ್ಯಾಸೆಟ್ಟಣ್ಣ ತನ್ನ ಒಡಹುಟ್ಟಿದ ಅಕ್ಕನ ಹಳೆಯ ಸ್ಕ್ಯಾನನ್ನು ಕೈಯಾರೆ ಅಳಿಸಿಹಾಕಿದ್ದಾನೆ. ನಾಲ್ಕು ವರ್ಷಗಳ ಹಿಂದೆಯೇ ಅವಳ ಶ್ವಾಸಕೋಶದಲ್ಲಿ ಗಂಟು ಕಾಣಿಸಿತ್ತಂತೆ. ಅಂದಿನ ಡಾಕ್ಟರು ಅದನ್ನು ಗಮನಿಸದೆ ಬಿಟ್ಟಿದ್ದರಂತೆ. ಆ ತಪ್ಪು ಹೊರಬೀಳದಿರಲೆಂದು ಮೇಲಿನವರು ಕಣ್ಸನ್ನೆ ಮಾಡಿದರಂತೆ. ಇವನು ನೌಕರಿಯನ್ನು ಉಳಿಸಿಕೊಂಡು ಅಕ್ಕನನ್ನು ಬಿಟ್ಟುಕೊಟ್ಟನಂತೆ. ಅಂತೆಕಂತೆಗಳ ಸಂತೆಯಲ್ಲಿ ತಕ್ಕಡಿ ಕೇಳುವವರಿಲ್ಲ.

ನಡೆದದ್ದು ಬೇರೆ. ಅವನು ಏನನ್ನೂ ಅಳಿಸಲಿಲ್ಲ. ಅಕ್ಕನ ಹಳೆಯ ಸ್ಕ್ಯಾನು ಇಂದಿಗೂ ಒಂದು ಟೇಪಿನ ಮೇಲೆ, ಒಂದು ಗೆರೆಯೂ ಕೆಡದೆ ಇದೆ. ಅದನ್ನು ಓದಬಲ್ಲ ಯಂತ್ರ ಮಾತ್ರ ಇಲ್ಲ. ಆ ಯಂತ್ರವನ್ನು ಪುಡಿ ಮಾಡಿಸಿದವನು ಅವನೇ ಎಂಬುದು ಸುದ್ದಿ ಹಬ್ಬಿಸಿದವರಿಗೆ ಗೊತ್ತಿರಲಿಲ್ಲ.

ಅವನ ಕೋಣೆ ಸ್ಕ್ಯಾನಿಂಗ್ ವಿಭಾಗದ ಹಿಂದೆ, ಮಾಸಿದ ಬಟ್ಟೆಯ ಗಂಟುಗಳು ಇಳಿಯುವ ಲಿಫ್ಟಿನ ಪಕ್ಕದಲ್ಲಿದೆ. ಕಿಟಕಿಯಿಲ್ಲ. ಸರ್ವರಿನ ಫ್ಯಾನುಗಳ ಸದ್ದು ಎಡೆಬಿಡದೆ ಇರುವುದರಿಂದ ಒಳಗೆ ಬಂದವರೆಲ್ಲ ತಮಗರಿವಿಲ್ಲದೆ ದನಿಯೇರಿಸುತ್ತಾರೆ. ಅವನೊಬ್ಬನು ಮಾತ್ರ ಮೆಲ್ಲನೆ ಮಾತನಾಡಿ ಎದುರಿನವರು ಕಿವಿಗೆ ಕೈಯೊಡ್ಡುವಂತೆ ಮಾಡುತ್ತಾನೆ. ಯಂತ್ರಗಳಿಗೆ ತಂಪು ಬೇಕಾದ್ದರಿಂದ ಬೇಸಿಗೆಯಲ್ಲೂ ಅವನ ಮೈಮೇಲೆ ಸ್ವೆಟರು. ಕೆಲಸವನ್ನು ಹೇಳುವುದು ಸುಲಭ. ರೋಗಿಗಳ ಸ್ಕ್ಯಾನುಗಳು ಸರ್ವರಿನಲ್ಲಿ ಎರಡು ವರ್ಷ ಇರುತ್ತವೆ, ಆಮೇಲೆ ಹೊಸದಕ್ಕೆ ಜಾಗ ಬಿಟ್ಟು ಅಳಿಯುತ್ತವೆ. ಹಾಗಾಗಿ ವಾರಕ್ಕೊಮ್ಮೆ ಎಲ್ಲವನ್ನೂ ಟೇಪಿಗೆ ಬರೆದಿಡಬೇಕು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪೆಟ್ಟಿಗೆ, ಒಳಗೆ ಸುತ್ತಿಟ್ಟ ಕಪ್ಪು ಟೇಪು. ಟೇಪ್ ಡ್ರೈವ್ ಎಂಬ ಯಂತ್ರ ಅದನ್ನು ನುಂಗಿ, ಬರೆದು, ಬರೆದದ್ದನ್ನು ಮತ್ತೆ ಮೊದಲಿನಿಂದ ಓದಿ, ಸರಿಯಿದೆಯೆಂದು ಸಾಕ್ಷಿ ನುಡಿದು ಹೊರಗೆ ಉಗುಳುತ್ತದೆ. ಅವನು ಚೀಟಿ ಅಂಟಿಸಿ ಕಬ್ಬಿಣದ ಕಪಾಟಿನಲ್ಲಿ ಜೋಡಿಸುತ್ತಾನೆ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದ ಮೇಲೆ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಡ್ರೈವಿಗೆ ಕಾಯಿಲೆ ಹತ್ತಿದ್ದು ಒಂದು ಚಳಿಗಾಲದ ಮಂಗಳವಾರ. ಬೆಳಗ್ಗೆ ಬಂದು ನೋಡಿದರೆ ಪರದೆಯ ಮೇಲೆ ಕೆಂಪು ಸಾಲು: ಬರೆಯುವಾಗ ದೋಷ, ಕೆಲಸ ಅರ್ಧಕ್ಕೆ ನಿಂತಿದೆ. ಅವನು ಗಾಬರಿಯಾಗುವವನಲ್ಲ. ಮೊದಲು ಡ್ರೈವಿನ ತಲೆಯನ್ನು, ಅಂದರೆ ಟೇಪಿಗೆ ತಾಗಿ ಬರೆದು ಓದುವ ಭಾಗವನ್ನು, ಒರೆಸುವ ಶುಚಿ ಟೇಪನ್ನು ಹಾಕಿ ತೆಗೆದ. ಎರಡು ವಾರ ಸುಮ್ಮನಿದ್ದ ದೋಷ ಮತ್ತೆ ಬಂತು. ಕೇಬಲ್ಲು ಬದಲಿಸಿದ, ಹೊಸ ಟೇಪು ಹಾಕಿದ, ಹಿಂಬದಿಯ ಜಾಲರಿಯಿಂದ ದೂಳು ಊದಿದ, ಕೋಣೆಯನ್ನು ಇನ್ನೆರಡು ಡಿಗ್ರಿ ತಣ್ಣಗೆ ಮಾಡಿದ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಫಲ, ತಾರೀಕು, ಎಲ್ಲವೂ ನೀಲಿ ರಿಜಿಸ್ಟರಿನಲ್ಲಿ ದಾಖಲಾಯಿತು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು ಎನ್ನುವುದು ಅವನ ನೇಮ.

ಆ ಪರೀಕ್ಷೆಗಳ ನಡುವೆ ಒಂದು ವಿಚಿತ್ರ ಕಂಡಿತ್ತು. ಈಚಿನ ಐದು ವರ್ಷಗಳ ಯಾವ ಟೇಪನ್ನು ಹಾಕಿದರೂ ಡ್ರೈವು ಸಲೀಸಾಗಿ ಓದುತ್ತಿತ್ತು. ಅದಕ್ಕಿಂತ ಹಿಂದಿನವು ಮಾತ್ರ ಶುರುವಿನಲ್ಲೇ ಎಡವುತ್ತಿದ್ದವು. ಅವನು ರಿಜಿಸ್ಟರಿನಲ್ಲಿ ಬರೆದ: ಟೇಪು ಹಳತಾಗಿದೆ, ಸವೆದಿದೆ. ಯಾರಾದರೂ ಹಾಗೆಯೇ ಬರೆಯುತ್ತಿದ್ದರು. ಐದು ವರ್ಷದ ಹಿಂದೆ ಡ್ರೈವಿನ ಬಾಯಿ ಕಚ್ಚಿಕೊಂಡು ಮೆಕ್ಯಾನಿಕ್ ಒಬ್ಬರು ಅದನ್ನು ಬಿಚ್ಚಿ ಜೋಡಿಸಿಕೊಟ್ಟಿದ್ದರು ಎನ್ನುವುದು ಅದೇ ರಿಜಿಸ್ಟರಿನ ಹಿಂದಿನ ಪುಟದಲ್ಲಿತ್ತು. ಎರಡು ಪುಟಗಳನ್ನು ಜೊತೆಗಿಟ್ಟು ನೋಡಬೇಕೆಂದು ಅವನಿಗೆ ತೋಚಲಿಲ್ಲ.

ಮೇಲಿನವರಿಗೆ ಅವನು ಬರೆದ ಮೂರನೆಯ ಪತ್ರಕ್ಕೆ ಹೊಸ ಡ್ರೈವು ಮಂಜೂರಾಯಿತು. ಹಳೆಯದನ್ನು ಉಗ್ರಾಣಕ್ಕೆ ಒಪ್ಪಿಸುವಾಗ ತುಂಬಬೇಕಾದ ಫಾರಮಿನಲ್ಲಿ ಒಂದು ಪ್ರಶ್ನೆ ಇರುತ್ತದೆ: ಈ ಸಾಮಾನಿನಲ್ಲಿ ರೋಗಿಗಳ ಮಾಹಿತಿ ಉಳಿದಿದೆಯೇ? ಇಲ್ಲವೆಂದರೆ ಸಾಮಾನು ಗುಜರಿ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಇದೆಯೆಂದರೆ ವಾರದೊಳಗೆ ಪುಡಿಯಾಗುತ್ತದೆ. ಡ್ರೈವಿನಲ್ಲಿ ಏನೂ ಉಳಿಯುವುದಿಲ್ಲ, ಉಳಿಯುವುದೆಲ್ಲ ಟೇಪಿನಲ್ಲಿ. ಇದು ಅವನಿಗಿಂತ ಚೆನ್ನಾಗಿ ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಅವನು 'ಇದೆ' ಎಂಬಲ್ಲಿ ಗುರುತು ಹಾಕಿದ.

ಉಗ್ರಾಣದವರು ಕನ್ನಡಕವನ್ನು ಹಣೆಗೇರಿಸಿ ನಕ್ಕರು. "ಏನ್ ಕ್ಯಾಸೆಟ್ಟಣ್ಣ, ಇದರ ಹೊಟ್ಟೇಲಿ ಗಾಳಿ ಬಿಟ್ರೆ ಏನಿದೆ? ನಿಮ್ಮ ಕೈಗೆ ಸಿಕ್ಕಿದ್ರೆ ಟೀ ಲೋಟಕ್ಕೂ ಟಿಕ್ ಹಾಕ್ತೀರಿ."

"ಇರಲಿ ಬಿಡಿ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಉತ್ತರ ಹುಡುಕ್ತಾ ಕೂರಬಾರದು."

ಡ್ರೈವು ಆ ಶುಕ್ರವಾರವೇ ಪುಡಿಯಾಯಿತು.

ಅಕ್ಕನ ಕೆಮ್ಮು ಸ್ಕ್ಯಾನಿನವರೆಗೆ ಬಂದದ್ದು ಇದಾಗಿ ಮೂರು ವಾರಕ್ಕೆ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಬಸ್ಸು ಯಾವ ಊರಿಗೆ, ಯಾವ ಪ್ಲಾಟ್‌ಫಾರ್ಮಿನಿಂದ, ನಡುವೆ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಪ್ರಕಟಿಸುವುದು ಅವಳ ಕೆಲಸ. ಹನ್ನೆರಡು ನಿಲುಗಡೆಗಳ ದೊಡ್ಡ ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದಳು, ಹೊಸದಾಗಿ ಬಂದವರು ಆರಕ್ಕೇ ಬಾಯಿ ಬಿಟ್ಟರೆ, "ಊರು ತಲುಪೋ ಮೊದಲೇ ಟೈರ್ ಪಂಕ್ಚರಾ?" ಎಂದು ಕಿಚಾಯಿಸುತ್ತಿದ್ದಳು.

ಸ್ಕ್ಯಾನಿನಲ್ಲಿ ಎಡ ಶ್ವಾಸಕೋಶದೊಳಗೆ ಬಟಾಣಿಗಿಂತ ಸ್ವಲ್ಪ ದೊಡ್ಡದಾದ ಗಂಟು ಕಂಡಿತು. ರಕ್ತನಾಳಕ್ಕೆ ಒತ್ತಿಕೊಂಡಿದ್ದರಿಂದ ಸೂಜಿ ಹಾಕಿ ನೋಡುವಂತಿರಲಿಲ್ಲ. ಸ್ಕ್ಯಾನ್ ಡಾಕ್ಟರಮ್ಮ ಅವನನ್ನೇ ಕರೆಸಿದರು. ನಾಲ್ಕು ವರ್ಷದ ಹಿಂದೆ ಅಕ್ಕ ನಿಲ್ದಾಣದ ಮೆಟ್ಟಿಲಿನಿಂದ ಬಿದ್ದಾಗ ಪಕ್ಕೆಲುಬು ಮುರಿದಿದೆಯೇ ಎಂದು ಸ್ಕ್ಯಾನ್ ಮಾಡಿದ್ದರು. ವರದಿಯಲ್ಲಿ ಎಲುಬಿನ ಮಾತಷ್ಟೇ ಇತ್ತು. ಆದರೆ ಚಿತ್ರದೊಳಗೆ ಶ್ವಾಸಕೋಶವೂ ಬಂದಿರಲೇಬೇಕು.

"ಆ ಗಂಟು ಆವಾಗಲೂ ಇಷ್ಟೇ ಇದ್ದಿದ್ರೆ ಅದು ಬರೀ ಹಳೇ ಗಾಯದ ಕಲೆ. ಮುಟ್ಟೋದೇ ಬೇಡ, ಮನೆಗೆ ಕಳಿಸ್ತೀನಿ," ಎಂದರು. "ಇಲ್ಲದೇ ಇದ್ದಿದ್ರೆ ಹೊಸದು. ಆಗ ಆ ಭಾಗ ತೆಗೀಲೇಬೇಕು, ಕಾಯೋ ಹಾಗಿಲ್ಲ. ಹಳೇ ಚಿತ್ರ ಕೊಡಿ, ಹತ್ತು ನಿಮಿಷದಲ್ಲಿ ಹೇಳ್ತೀನಿ."

ಇವತ್ತೇ ಕೊಡುತ್ತೇನೆಂದು ಅವನು ಹೇಳಿದ. ಹತ್ತೊಂಬತ್ತು ವರ್ಷದ ಕೆಲಸ ಮೊದಲ ಬಾರಿ ತನ್ನವರ ಕೆಲಸಕ್ಕೆ ಬಂತಲ್ಲ ಎಂದು, ಅಂಥ ಗಳಿಗೆಯಲ್ಲೂ, ಕಾರಿಡಾರಿನಲ್ಲಿ ನಡೆಯುವಾಗ ಅವನಿಗೆ ಒಂದಿಷ್ಟು ಹೆಮ್ಮೆಯೇ ಆಗಿತ್ತು. ಆ ಹೆಮ್ಮೆ ಹಳೆಯದು. ನಾಲ್ಕು ವರ್ಷದ ಹಿಂದೆ ಆ ಸ್ಕ್ಯಾನಿನ ಸಿ.ಡಿ. ಕೊಡುತ್ತೇವೆ, ಬೇಕೇ ಎಂದು ಕೌಂಟರಿನವರು ಕೇಳಿದಾಗ ಅಕ್ಕ ಕೈ ಚಾಚಿದ್ದಳು. ನಾನಿರುವಾಗ ನಿನಗೆ ಸಿ.ಡಿ. ಯಾಕೆ ಎಂದು ತಡೆದವನು ಅವನು.

ಹೊಸ ಡ್ರೈವು ಆ ಟೇಪನ್ನು ನುಂಗಿತು, ಮುಂದಕ್ಕೆ ಹಿಂದಕ್ಕೆ ಎಳೆದಾಡಿತು, ಉಗುಳಿತು. ಪಕ್ಕದ ವಾರದ ಟೇಪನ್ನೂ ಉಗುಳಿತು. ಆ ಇಡೀ ಸಾಲಿನಿಂದ ಹದಿನೇಳು ಟೇಪು ಹಾಕಿ ನೋಡಿದ, ಒಂದೂ ಓದಲಿಲ್ಲ. ಡ್ರೈವೇ ಕೆಟ್ಟು ಬಂದಿದೆಯೆಂದುಕೊಂಡು, ಪರೀಕ್ಷೆಗೆಂದು ಆರು ವರ್ಷದ ಹಿಂದಿನ ಒಂದು ಟೇಪನ್ನು, ಸವೆದಿದೆಯೆಂದು ತಾನೇ ಬರೆದು ಪಕ್ಕಕ್ಕಿಟ್ಟದ್ದನ್ನು, ಹಾಕಿದ. ಅದು ಬೆಣ್ಣೆಯ ಮೇಲೆ ಚಾಕು ಇಳಿದಂತೆ ಕೊನೆಯವರೆಗೂ ಓಡಿತು.

ಆಗ ಅವನಿಗೆ ಎಲ್ಲವೂ ಅರ್ಥವಾಯಿತು. ಟೇಪುಗಳಿಗೆ ಮುಪ್ಪು ಬಂದಿರಲೇ ಇಲ್ಲ. ರಿಪೇರಿಯ ದಿನ ಹಳೆಯ ಡ್ರೈವಿನ ತಲೆ ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ವಾಲಿತ್ತು. ಅಂದಿನಿಂದ ಅದು ಓರೆಯಾಗಿ ಬರೆಯಿತು, ಓರೆಯಾಗಿಯೇ ಓದಿತು, ಆದ್ದರಿಂದ ತನ್ನ ಬರಹ ಅದಕ್ಕೆ ನೇರವಾಗಿಯೇ ಕಂಡಿತು. ಕೆಲವು ಡಾಕ್ಟರರ ಚೀಟಿಯನ್ನು ಅವರ ಎದುರಿನ ಔಷಧಿ ಅಂಗಡಿಯವನಷ್ಟೇ ಓದಬಲ್ಲ. ಆ ಅಂಗಡಿ ಮುಚ್ಚಿದರೆ ಚೀಟಿ ಬರೀ ಕಾಗದ. ಐದು ವರ್ಷ, ಪ್ರತಿವಾರ, 'ಸರಿಯಿದೆ' ಎಂಬ ಸಾಕ್ಷಿಯನ್ನು ಅವನು ಪಡೆದದ್ದು ತಪ್ಪು ಮಾಡಿದವನ ಬಾಯಿಂದಲೇ. ಬೇರೊಂದು ಯಂತ್ರದಲ್ಲಿ ಒಮ್ಮೆಯಾದರೂ ಓದಿಸಿ ನೋಡಬೇಕಿತ್ತು.

ಉಗ್ರಾಣದವರ ಬಳಿ ಹೋದ. ಅವರು ಈ ಸಲ ನಗಲಿಲ್ಲ. ಪುಡಿ ಮಾಡಿದ ಪ್ರಮಾಣಪತ್ರವನ್ನು ತೆಗೆದು ಮೇಜಿನ ಮೇಲಿಟ್ಟು, ಕುಡಿಯಲು ನೀರು ಕೊಟ್ಟರು.

ಡಾಕ್ಟರಮ್ಮ ಹತ್ತು ದಿನ ಕೊಟ್ಟಿದ್ದರು. ಆ ಹತ್ತು ದಿನಗಳಲ್ಲಿ ಅವನು ಅದೇ ಮಾದರಿಯ ಎರಡು ಹಳೆಯ ಡ್ರೈವುಗಳನ್ನು ಬೇರೆ ಆಸ್ಪತ್ರೆಗಳ ಗುಜರಿಯಿಂದ ತಂದ. ಮುಚ್ಚಳ ಬಿಚ್ಚಿ, ತಲೆಯ ಸ್ಕ್ರೂವನ್ನು ಕಾಣದಷ್ಟು ತಿರುಗಿಸಿ, ಟೇಪು ಹಾಕಿ, ತೆಗೆದು, ಮತ್ತೆ ತಿರುಗಿಸಿದ. ಏಳನೆಯ ದಿನ ಒಂದು ಡ್ರೈವು ಹನ್ನೊಂದು ನಿಮಿಷ ಓದಿತು. ಪರದೆಯ ಮೇಲೆ ಯಾರದೋ ಮೊಣಕಾಲಿನ ಅರ್ಧ ಚಿತ್ರ ಮೂಡಿತು. ಅಷ್ಟಕ್ಕೇ ನಿಂತಿತು. ಅದೇ ಜಾಗಕ್ಕೆ ಸ್ಕ್ರೂವನ್ನು ಮತ್ತೆ ತರಲು ಅವನಿಂದಾಗಲಿಲ್ಲ. ಕೆಟ್ಟ ಟೇಪಿನಿಂದ ಮಾಹಿತಿ ಎತ್ತಿಕೊಡುವ ಕಂಪನಿಗೆ ಬರೆದರೆ ಉತ್ತರ ಮರುದಿನವೇ ಬಂತು: ಬರೆದ ಯಂತ್ರವನ್ನು ಕಳಿಸಿ, ಅದಿಲ್ಲದಿದ್ದರೆ ನಾಲ್ಕು ತಿಂಗಳು ಬೇಕು, ಭರವಸೆ ಕೊಡಲಾಗದು.

ಒಂಬತ್ತನೆಯ ದಿನ ಮಧ್ಯಾಹ್ನ ಅವನು ಬಸ್ ನಿಲ್ದಾಣಕ್ಕೆ ಹೋದ. ಗಾಜಿನ ಗೂಡಿನಲ್ಲಿ ಅಕ್ಕ ಊಟದ ಡಬ್ಬಿ ತೆರೆಯುತ್ತಿದ್ದಳು. ಭಾವನೂ ಅಲ್ಲಿದ್ದರು, ನಿಲ್ದಾಣದ ಹೊರಗೆ ಅವರದು ಬೀಗ ರಿಪೇರಿಯ ಅಂಗಡಿ, ಮಧ್ಯಾಹ್ನದ ಊಟ ಇಬ್ಬರಿಗೂ ಜೊತೆಗೆ. ತಮ್ಮನ ಮುಖ ನೋಡಿದ ಅಕ್ಕ ಮೈಕಿನ ಗುಂಡಿಯನ್ನು ಎರಡು ಸಲ ಒತ್ತಿ ಪರೀಕ್ಷಿಸಿದಳು.

"ಇರು, ಇದನ್ನ ಆಫ್ ಮಾಡ್ತೀನಿ. ಇಲ್ಲಾಂದ್ರೆ ನಿನ್ನ ಗೋಳು ಆರನೇ ಪ್ಲಾಟ್‌ಫಾರ್ಮಿಗೂ ಕೇಳುತ್ತೆ."

ಅವನು ಓರೆ ಬರಹದ ವಿಷಯವನ್ನೂ ಫಾರಮಿನ ಗುರುತನ್ನೂ ಏನೂ ಮುಚ್ಚಿಡದೆ ಹೇಳಿದ. ಅಕ್ಕ ಕೇಳಿಸಿಕೊಂಡಳು. ಚಿತ್ರ ಇದೆ, ಆದರೆ ನೋಡುವಂತಿಲ್ಲ ಎನ್ನುವುದು ಅವಳಿಗೆ ತಿಳಿಯಿತು. ತಿಳಿಯದೆ ಹೋದದ್ದು ಭಾವನಿಗೆ.

"ನೋಡಯ್ಯ, ನಾನು ಮೂವತ್ತು ವರ್ಷ ಬೀಗದ ಜೊತೆ ಕೂತವನು," ಎಂದರು ಅವರು. "ಬೀಗ ಅಂತ ಒಂದಿದ್ರೆ ಅದಕ್ಕೆ ಕೀ ಮಾಡಬಹುದು. ಕೀ ಆಗಲಿಲ್ಲ ಅಂದ್ರೆ ಬಾಗಿಲು ಒಡೀಬಹುದು. ಎರಡೂ ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ, ಒಳಗೆ ಏನೂ ಇಲ್ಲ ಅಂತಲೇ ಅರ್ಥ."

"ಇದೆ ಭಾವ. ಒಳಗೆ ಇದೆ."

"ಹಾಗಾದ್ರೆ ತೋರಿಸು."

ಕ್ಯಾಂಟೀನಿನ ಸುದ್ದಿಗೆ ಬೀಜ ಬಿದ್ದದ್ದು ಅಲ್ಲೇ, ಒಳಗೆ ಇಲ್ಲವೆಂದರೆ ಯಾರೋ ಅಳಿಸಿದ್ದಾರೆ ಎನ್ನುವ ಭಾವನ ಬೀಗದ ನ್ಯಾಯದಲ್ಲಿ.

ಇನ್ನೊಂದು ದಾರಿಯಿತ್ತು: ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ, ಗಂಟು ಬೆಳೆದಿದೆಯೇ ನೋಡುವುದು. ಕೆಟ್ಟ ಗಂಟಾಗಿದ್ದರೆ ಮೂರು ತಿಂಗಳು ಬಹಳ ಹೆಚ್ಚಾಗುತ್ತದೆಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಅವನು ಅದನ್ನೂ ಹೇಳಿದ. ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು.

"ಬಸ್ ತಡ, ದಯವಿಟ್ಟು ಕಾಯಿರಿ ಅಂತ ಜೀವಮಾನವೆಲ್ಲ ಬೇರೆಯವರಿಗೆ ಹೇಳಿದ್ದೀನಿ ಕಣೋ. ನನಗೆ ನಾನೇ ಹೇಳ್ಕೊಂಡು ಕೂರೋಕೆ ಆಗಲ್ಲ. ತೆಗೀಲಿ."

ಗಂಟು ರಕ್ತನಾಳಕ್ಕೆ ಅಂಟಿದ್ದರಿಂದ ಅದೊಂದನ್ನೇ ಬಿಡಿಸಲಾಗದೆ ಎಡ ಶ್ವಾಸಕೋಶದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತೆಗೆದರು. ಹನ್ನೆರಡು ದಿನಗಳ ಮೇಲೆ ಪ್ರಯೋಗಾಲಯದ ವರದಿ ಬಂತು: ಹಳೆಯ ಗಾಯದ ಕಲೆ, ಕನಿಷ್ಠ ಹತ್ತು ವರ್ಷದ್ದು, ನಿರಪಾಯ. ವಾರ್ಡಿನಲ್ಲಿ ಎಲ್ಲರೂ ಅವಳನ್ನು ಅಭಿನಂದಿಸಿದರು. ಕೆಟ್ಟದ್ದಲ್ಲವಲ್ಲ, ಬದುಕಿದೆ ಎಂದು ಅವಳೂ ನಿಜವಾಗಿ ಸಂತೋಷಪಟ್ಟಳು. ಹಾಸಿಗೆಯ ಕಾಲಿನ ಬಳಿ ನಿಂತಿದ್ದ ಅವನಿಗೆ ಮಾತ್ರ ಆ ಕಾಗದದಲ್ಲಿ ಮತ್ತೊಂದು ವಾಕ್ಯ ಕಾಣುತ್ತಿತ್ತು: ಇದೇ ಸಂಗತಿಯನ್ನು ಹತ್ತು ನಿಮಿಷದಲ್ಲಿ, ಕತ್ತಿ ಮುಟ್ಟಿಸದೆ, ಕಪಾಟಿನಲ್ಲಿದ್ದ ಟೇಪು ಹೇಳುತ್ತಿತ್ತು.

ನಾಲ್ಕು ತಿಂಗಳ ನಂತರ ಅಕ್ಕ ಮೈಕಿನ ಮುಂದೆ ಮತ್ತೆ ಕೂತಳು. ಮೂರು ನಿಲುಗಡೆ ಹೇಳುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ನಾಲ್ಕನೆಯ ಊರಿನ ಹೆಸರು ಅರ್ಧಕ್ಕೆ ನಿಲ್ಲುತ್ತಿದ್ದುದರಿಂದ ಪ್ರಯಾಣಿಕರು ಮೈಕು ಕೆಟ್ಟಿದೆಯೆಂದು ದೂರು ಕೊಟ್ಟರು. ವೈರಿಂಗ್‌ನವರು ಬಂದು ಏಣಿ ಹಾಕಿ, ಎರಡು ದಿನ ಸ್ಪೀಕರುಗಳನ್ನು ಬಿಚ್ಚಿ ನೋಡಿದರು. ದೋಷ ಎಲ್ಲಿದೆಯೆಂದು ಅವರಿಗೆ ಹೇಳಲು ಅಕ್ಕನಿಗೆ ನಾಚಿಕೆಯಾಯಿತು. ಮೂರನೆಯ ದಿನ ರಾಜೀನಾಮೆ ಬರೆದುಕೊಟ್ಟಳು.

ಸುದ್ದಿ ಕ್ಯಾಂಟೀನಿಗೆ ಬಂದಾಗ ಅವನು ಅದನ್ನು ಅಲ್ಲಗಳೆಯಲಿಲ್ಲ. ಉಗ್ರಾಣದವರು ಒಮ್ಮೆ ಕೋಣೆಗೆ ಬಂದು, ತಾವೇ ನಾಲ್ಕು ಜನರ ಮುಂದೆ ಫಾರಮಿನ ಕತೆ ಹೇಳಲೇ ಎಂದು ಕೇಳಿದರು. ಬೇಡವೆಂದ. ಅಳಿಸಿದವನು ಎನ್ನಿಸಿಕೊಳ್ಳುವುದಕ್ಕೂ ಓದುವ ಒಂದೇ ಯಂತ್ರವನ್ನು ಪುಡಿ ಮಾಡಿಸಿದವನು ಎನ್ನಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಟೀ ಆರುವುದರೊಳಗೆ ಯಾರಿಗೆ ವಿವರಿಸುವುದು?

ಈಗ ಅವನು ಪ್ರತಿವಾರ ಬರೆದ ಟೇಪನ್ನು ಇನ್ನೊಂದು ಕಟ್ಟಡದ ಬೇರೆ ಡ್ರೈವಿನಲ್ಲಿ ಓದಿಸಿದ ಮೇಲಷ್ಟೇ ಚೀಟಿ ಅಂಟಿಸುತ್ತಾನೆ. ಐದು ವರ್ಷಗಳ ಓದಲಾಗದ ಟೇಪುಗಳ ಬಗ್ಗೆ ಆಸ್ಪತ್ರೆ ಇನ್ನೂ ತೀರ್ಮಾನ ಮಾಡಿಲ್ಲ. ಭಾವ ಅವನೊಡನೆ ಮಾತು ಬಿಟ್ಟು ಹದಿನಾಲ್ಕು ತಿಂಗಳಾಯಿತು. ಅವರು ಅಂಗಡಿಯಲ್ಲಿರುವ ಹೊತ್ತು ನೋಡಿಕೊಂಡು ಅವನು ಅಕ್ಕನ ಮನೆಗೆ ಹೋಗುತ್ತಾನೆ. ಅಕ್ಕನಿಗೆ ಐವತ್ತೇಳು. ಮೂರನೆಯ ಮಹಡಿಯ ಮನೆಯಿಂದ ಅವಳು ಕೆಳಗಿಳಿಯುವುದು ತಿಂಗಳಿಗೊಮ್ಮೆ, ತಪಾಸಣೆಗೆ.