ವಾಣಿಶ್ರೀಯ ಮೀನಖಂಡ

ಕುಣಿಗಲ್ಲಿನಲ್ಲಿ ತಿಮ್ಮರಾಜು ತಾನು ತೆರೆದ ಜಿಮ್ಮಿಗೆ ‘ಹಾರ್ಸ್ ಪವರ್’ ಎಂದು ಹೆಸರಿಟ್ಟಿದ್ದ. ಊರಲ್ಲಿ ಕುದುರೆ ಫಾರಂ ಇದೆಯಲ್ಲ, ಅದಕ್ಕೆ. ಅವನ ಬುದ್ಧಿ ಓಡುವುದೇ ಇಷ್ಟು ದೂರ ಎಂದು ಹೆಂಡತಿ ವಾಣಿಶ್ರೀ ಮದುವೆಯಾದ ಹೊಸದರಲ್ಲೇ ಅಂದುಕೊಂಡಿದ್ದಳು. ಆ ಅಭಿಪ್ರಾಯ ಬದಲಿಸಿಕೊಳ್ಳುವಂಥ ಸಂದರ್ಭವನ್ನು ಅವನು ಮುಂದೆಯೂ ಒದಗಿಸಲಿಲ್ಲ.

ಜಿಮ್ಮು ಮೊದಲನೇ ಮಹಡಿಯಲ್ಲಿತ್ತು, ಅವರ ಮನೆ ಅದರ ಮೇಲೆ. ಜಿಮ್ಮಿನ ಗೋಡೆಗಳಿಗೆಲ್ಲ ಕನ್ನಡಿ. ಯಾರೊಂದಿಗೆ ಮಾತಾಡುವಾಗಲೂ ತಿಮ್ಮರಾಜು ಅವರ ಮುಖ ನೋಡುತ್ತಿರಲಿಲ್ಲ. ಅವರ ಹಿಂದಿನ ಕನ್ನಡಿಯಲ್ಲಿ ತನ್ನ ತೋಳು ನೋಡಿಕೊಳ್ಳುತ್ತಿದ್ದ. “ಬಾಡಿ ಅನ್ನೋದು ಮೈಂಡ್ ಹೇಳ್ದಂಗೆ ಕೇಳುತ್ತೆ ಕಣ್ರೀ” ಎನ್ನುವುದು ಅವನ ದಿನನಿತ್ಯದ ಮಂತ್ರ. ಅವನಲ್ಲಿ ಆ ಎರಡನೆಯದು ಇದೆಯೋ ಇಲ್ಲವೋ ಎಂದು ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ವಾಣಿಶ್ರೀ ಗುಬ್ಬಿ ತಾಲ್ಲೂಕಿನ ಕಡಬದವಳು. ಹೈಸ್ಕೂಲಿನಲ್ಲಿದ್ದಾಗ ಖೋಖೋದಲ್ಲಿ ಅವಳನ್ನು ಮುಟ್ಟುವವರೇ ಇರಲಿಲ್ಲ, ಜಿಲ್ಲಾ ಮಟ್ಟದವರೆಗೂ ಆಡಿ ಬಂದಿದ್ದಳು. ಓದು ಮುಗಿದ ಮೇಲೆ ಹಿರೇಹಳ್ಳಿಯ ಸ್ವಿಚ್ಚು ಕಾರ್ಖಾನೆಗೆ ಸೇರಿ, ತಯಾರಾದ ಮಾಲನ್ನು ಪರೀಕ್ಷಿಸುವ ವಿಭಾಗದಲ್ಲಿ ಒಳ್ಳೆಯ ಹೆಸರು ಪಡೆದಿದ್ದಳು. ಮದುವೆಯಾದ ಮೇಲೆ ತಿಮ್ಮರಾಜು ಆ ಕೆಲಸ ಬಿಡಿಸಿದ. “ಜಿಮ್ ಓನರ್ ಹೆಂಡ್ತಿ ಸ್ವಿಚ್ಚು ಒತ್ಕೊಂಡು ಕೂತ್ಕೊಳೋದಾ?” ಎಂದಿದ್ದ. ಅವಳು ಬಿಟ್ಟಳು. ತನ್ನ ಬಾಳಿನಲ್ಲಿ ಮಾಡಿದ ಅತಿ ಪೆದ್ದು ಕೆಲಸ ಅದು ಎಂದು ಈಗಲೂ ಹೇಳುತ್ತಾಳೆ.

ಮೊದಲು ಕೈಕೊಟ್ಟದ್ದು ತುದಿಗಾಲು. ಅಡುಗೆಮನೆಯ ಮೇಲಿನ ಹಲಗೆಯಿಂದ ಬೆಲ್ಲದ ಡಬ್ಬಿ ತೆಗೆಯಲು ಹೋದರೆ ಹಿಮ್ಮಡಿ ನೆಲ ಬಿಟ್ಟು ಮೇಲೇಳಲೇ ಇಲ್ಲ. ಮೊಳೆ ಹೊಡೆದು ಕೂರಿಸಿದ ಹಾಗೆ. ಕೆಲವು ತಿಂಗಳಲ್ಲಿ ಮೆಟ್ಟಿಲು ಹತ್ತುವಾಗ ಕಂಬಿ ಬೇಕಾಯಿತು. ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ಸಮೇತ ಜಿಮ್ಮಿನ ಬಾಗಿಲ ಮುಂದೆಯೇ ಮುಗ್ಗರಿಸಿ ಬಿದ್ದಳು. ಒಳಗಿದ್ದವರೆಲ್ಲ ಓಡಿ ಬಂದರು. ತಿಮ್ಮರಾಜುವಿಗೆ ಅವಳ ಮೊಣಕಾಲಿನ ರಕ್ತಕ್ಕಿಂತ ತನ್ನ ಮರ್ಯಾದೆಯ ಚಿಂತೆ ಹತ್ತಿತು.

“ಕೂತು ಕೂತು ವೀಕ್ ಆಗಿದೀಯ. ನಾಳೆಯಿಂದ ನಾನೇ ಟ್ರೈನ್ ಮಾಡ್ತೀನಿ, ನೋಡ್ತಿರು” ಎಂದ.

ಮಾಡಿದ. ಮೆಟ್ಟಿಲು ಹತ್ತಿಸಿದ, ಇಳಿಸಿದ, ಹೆಗಲ ಮೇಲೆ ಭಾರ ಇಟ್ಟು ಕೂರಿಸಿ ಏಳಿಸಿದ. ಒಂದೇ ವಾರಕ್ಕೆ ಅವಳಿಗೆ ಕಾಲು ಎತ್ತಿಡಲಾಗದಷ್ಟು ನೋವು ಬಂತು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಆಗ ತುಮಕೂರಿಗೆ ಕರೆದುಕೊಂಡು ಹೋಗಲೇಬೇಕಾಯಿತು. ಅಲ್ಲಿ ರಕ್ತ ಪರೀಕ್ಷೆ ಮಾಡಿ, ಸ್ನಾಯುಗಳು ಒಡೆದು ರಕ್ತಕ್ಕೆ ಸೇರುತ್ತಿವೆ ಎಂದು ಹೇಳಿ, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು.

ಬೆಂಗಳೂರಿನಲ್ಲಿ ನೋಡಿದವರು ಡಾಕ್ಟರ್ ನಂದಿತಾ. ಎಮ್ಮಾರೈ ಸ್ಕ್ಯಾನ್ ತೆಗೆಸಿದರು, ಆನುವಂಶಿಕ ಪರೀಕ್ಷೆ ಮಾಡಿಸಿದರು, ತಂದೆತಾಯಿ ಸಂಬಂಧದವರೇ ಎಂದು ಕೇಳಿದರು. ಹೌದು, ವಾಣಿಶ್ರೀಯ ತಾಯಿ ಸುಬ್ಬಲಕ್ಷ್ಮಮ್ಮನನ್ನು ಸೋದರಮಾವನಿಗೇ ಕೊಟ್ಟಿದ್ದರು. ಕಾಯಿಲೆಯ ಹೆಸರು ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ನಾಯು ಸವೆಯುತ್ತ ಹೋಗುವ ರೋಗ. ಹುಟ್ಟಿನಿಂದಲೇ ದೇಹದಲ್ಲಿದ್ದು, ಓಡಾಡುವ ವಯಸ್ಸಿನಲ್ಲಿ ತಲೆ ಎತ್ತುವ ಬಗೆ.

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಬಾಳೆದಿಂಡನ್ನು ಅಡ್ಡಕ್ಕೆ ಕೊಯ್ದಂತೆ ಎರಡು ಕಾಲುಗಳ ಚಿತ್ರ.

“ಈ ಬೂದು ಬಣ್ಣದ್ದು ಸ್ನಾಯು. ಬಿಳಿ ಕಾಣೋದು ಕೊಬ್ಬು. ನಿಮ್ಮ ಮೀನಖಂಡದಲ್ಲಿ ಸ್ನಾಯು ಇರಬೇಕಾದ ಜಾಗಕ್ಕೆ ಕೊಬ್ಬು ಬರ್ತಿದೆ. ವರ್ಷಕ್ಕೊಂದ್ಸಲ ಇದೇ ಜಾಗದ ಚಿತ್ರ ತೆಗೆದು ಹಳೇದರ ಜೊತೆ ಹೋಲಿಸ್ತೀವಿ. ಕಾಯಿಲೆ ಎಷ್ಟು ಮುಂದೆ ಹೋಗಿದೆ ಅಂತ ನಿಮಗೆ ಗೊತ್ತಾಗೋಕೆ ಮುಂಚೆ ಇದು ತೋರಿಸುತ್ತೆ.”

“ಇದಕ್ಕೆ ಔಷಧಿ?” ವಾಣಿಶ್ರೀ ಕೇಳಿದಳು.

“ವಾಸಿ ಮಾಡೋ ಅಂಥದ್ದು ಸದ್ಯಕ್ಕಿಲ್ಲ. ಮುಂದೆ ಬಂದರೆ ಅದು ಕೆಲಸ ಮಾಡ್ತಿದೆಯೋ ಇಲ್ವೋ ನೋಡೋಕೂ ಇಂಥ ಚಿತ್ರಗಳೇ ಬೇಕು.”

ನೇರವಾಗಿ ಹೇಳಿದ್ದಕ್ಕೆ ವಾಣಿಶ್ರೀಗೆ ಆ ಹೆಂಗಸಿನ ಮೇಲೆ ಗೌರವ ಹುಟ್ಟಿತು. ಪಕ್ಕದಲ್ಲಿದ್ದವನು ಕುರ್ಚಿಯಲ್ಲೇ ಎದೆ ಉಬ್ಬಿಸಿದ.

“ಪ್ರೋಟೀನ್ ಡಬಲ್ ಮಾಡಿದ್ರೆ ಮೇಡಂ? ನಂದೇ ಜಿಮ್ಮಿದೆ.”

“ಭಾರ ಎತ್ತಿಸಲೇಬೇಡಿ” ಎಂದರು ಡಾಕ್ಟರು. “ಸುಸ್ತಾಗದ ಹಾಗೆ ನಡೆಯಲಿ, ಸಾಕು.”

ತಿಮ್ಮರಾಜುವಿನ ಕಿವಿಗೆ ಇದರಲ್ಲಿ ಎಷ್ಟು ಬಿತ್ತೋ! ಡಾಕ್ಟರುಗಳು ಹೆದರಿಸುವುದೇ ಹಾಗೆ ಎಂದು ತೀರ್ಮಾನಿಸಿ, ‘ನನ್ನ ಮಡದಿಯ ಹೋರಾಟ’ ಎಂದು ವಿಡಿಯೋ ಹಾಕಲು ಶುರು ಮಾಡಿದ. ಭಾರದ ಬದಲು ರಬ್ಬರ್ ಪಟ್ಟಿ ಬಂತು. ಅವಳು ಕಾಲಿಗೆ ಪಟ್ಟಿ ಸಿಕ್ಕಿಸಿಕೊಂಡು ಎಳೆಯಬೇಕು, ಅವನು ಫೋನಿನ ಮುಂದೆ ನಿಂತು ಕಣ್ಣು ಒದ್ದೆ ಮಾಡಿಕೊಳ್ಳಬೇಕು. ಒದ್ದೆಯಾಗದಿದ್ದ ದಿನ ಅವಳು ಇನ್ನೊಮ್ಮೆ ಎಳೆಯಬೇಕು. ನೋಡಿದವರು ಹೃದಯದ ಚಿತ್ರ ಒತ್ತುತ್ತಿದ್ದರು. ‘ಇಂಥ ಗಂಡ ಏಳು ಜನ್ಮಕ್ಕೂ ಸಿಗಲಿ’ ಎಂದು ಯಾರೋ ಬರೆದಿದ್ದರು. ಒಂದು ಜನ್ಮಕ್ಕೇ ಸುಸ್ತಾಗಿದೆ ಎಂದು ವಾಣಿಶ್ರೀ ಮನಸ್ಸಿನಲ್ಲೇ ಉತ್ತರ ಕೊಟ್ಟಳು. ಆದರೂ ಎಳೆದಳು. ಇವನಂದದ್ದೇ ನಿಜವಾಗಿಬಿಟ್ಟರೆ ಎಂಬ ಒಂದು ಚೂರು ಆಸೆ ಇತ್ತಲ್ಲ, ಆ ಆಸೆಯ ಮೇಲೆ ಅವಳಿಗೆ ಅವನ ಮೇಲಿದ್ದದ್ದಕ್ಕಿಂತಲೂ ಹೆಚ್ಚು ಅಸಹ್ಯ.

ಮರುವರ್ಷ ಮತ್ತೆ ಎಮ್ಮಾರೈ. ಸ್ಕ್ಯಾನಿಗೆ ಕರೆಯುವ ಮೊದಲೇ ತಿಮ್ಮರಾಜು ಡಾಕ್ಟರಿಗೆ ಹೆಂಡತಿಯ ಕಾಲು ತೋರಿಸಿ, “ನೋಡಿ ಮೇಡಂ, ಕಾಫ್ ಮಸಲ್ ಹೆಂಗ್ ಸೈಜ್ ಬಂದೈತೆ! ಒಂದ್ ವರ್ಷದ ರಿಸಲ್ಟು” ಎಂದ.

ಚಿತ್ರ ಬಂದ ಮೇಲೆ ಡಾಕ್ಟರು ಎರಡೂ ವರ್ಷದ್ದನ್ನು ಅಕ್ಕಪಕ್ಕ ಇಟ್ಟರು. ಹಳೆಯದರಲ್ಲಿ ಬೂದು ಬಣ್ಣದ ನಡುವೆ ಬಿಳಿ ಎಳೆಗಳು. ಹೊಸದರಲ್ಲಿ ಬಿಳಿಯ ನಡುವೆ ಬೂದು ಎಳೆಗಳು. ತೊಡೆಯ ಹಿಂಭಾಗದಲ್ಲೂ ಬಿಳುಪು ಹಣಿಕಿ ಹಾಕಿತ್ತು.

“ಸೈಜ್ ಬಂದಿರೋದು ನಿಜ” ಎಂದರು ಡಾಕ್ಟರು. “ಕೊಬ್ಬಿಂದು.”

ತಿಮ್ಮರಾಜು ಪರದೆಯನ್ನೇ ನೋಡಿದ. ಅದು ಕನ್ನಡಿಯಲ್ಲದ ಕಾರಣ ಅವನಿಗೆ ಅದರಲ್ಲಿ ಏನೂ ಕಾಣಲಿಲ್ಲ. “ಮಷೀನು ಬೇರೆ ಇರ್ಬೋದು” ಎಂದ.

“ಅದೇ ಮಷೀನು, ಅದೇ ಕಾಲು. ವ್ಯಾಯಾಮದಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ, ಆದ್ರೆ ಒಳ್ಳೇದಂತೂ ಆಗಿಲ್ಲ. ಇವತ್ತಿಂದ ನಿಲ್ಲಿಸಿ.”

ದಾರಿಯುದ್ದಕ್ಕೂ ಅವನು ಮುಖ ಊದಿಸಿಕೊಂಡೇ ಇದ್ದ, ತನ್ನ ಮಾನ ಕಳೆಯಲೆಂದೇ ಅವಳು ಕಾಲಿನಲ್ಲಿ ಕೊಬ್ಬು ಬೆಳೆಸಿಕೊಂಡಿದ್ದಾಳೆ ಎನ್ನುವ ಹಾಗೆ. ವಾಣಿಶ್ರೀಗೆ ಅಳು ಬರಲಿಲ್ಲ. ಕಾಯಿಲೆಯಾದರೂ ಸುಳ್ಳು ಹೇಳುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

ಅದಾದ ಕೆಲವೇ ದಿನಕ್ಕೆ ಗುಬ್ಬಿಯಲ್ಲಿ ಎರಡನೇ ಜಿಮ್ಮಿನ ಉದ್ಘಾಟನೆ. ಹೆಂಡತಿ ಬಾರದಿದ್ದರೆ ಜನ ಏನಂದಾರು ಎಂದು ಕರೆದೊಯ್ದ. ಶಾಮಿಯಾನ ಹಾಕಿ, ಬಾಡಿಗೆ ಕುರ್ಚಿ ಜೋಡಿಸಿ, ರಸ್ತೆಯವರೆಗೂ ಜನ ಸೇರಿದ್ದರು. ಟೇಪು ಕತ್ತರಿಸಿದ ಮೇಲೆ ತಿಮ್ಮರಾಜು ಮೈಕು ಹಿಡಿದ.

“ನನ್ನ ಹೆಂಡ್ತಿ ಕಾಲಿಗೆ ಶಕ್ತಿ ಇಲ್ದಿದ್ರೇನು? ನನ್ ಹೆಗಲು ಗಟ್ಟಿ ಐತೆ! ಜೀವ ಇರೋವರ್ಗೂ ನಾನೇ ಹೊತ್ಕೊಂಡು ತಿರುಗ್ತೀನಿ!”

ಹೇಳಿದವನೇ ಕುರ್ಚಿಯಲ್ಲಿ ಕೂತಿದ್ದವಳನ್ನು ಒಂದು ಮಾತೂ ಕೇಳದೆ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಜನ ಶಿಳ್ಳೆ ಹೊಡೆದರು. ಫೋನುಗಳು ಮೇಲೆದ್ದವು. ಅಷ್ಟೆತ್ತರದಿಂದ ವಾಣಿಶ್ರೀಗೆ ಅವನ ನೆತ್ತಿ ಕಂಡಿತು. ಕಪ್ಪು ಪುಡಿ ಉದುರಿಸಿ ಮುಚ್ಚಿಟ್ಟಿದ್ದ ಬೋಳು ಬೆವರಿಗೆ ಹೊರಗೆ ಬಂದಿತ್ತು. ಇಷ್ಟು ವರ್ಷ ತಾನು ಹೆದರಿದ್ದು ಈ ತಲೆಗೇ ಎಂದು ಅವಳಿಗೆ ನಗು ಬಂತು. ಶಾಮಿಯಾನದ ಆಚೆ ಆಟೋ ಸ್ಟ್ಯಾಂಡು ಕಾಣುತ್ತಿತ್ತು.

“ರೀ, ಆ ಆಟೋ ತನಕ ಹೊತ್ಕೊಂಡ್ ನಡೀರಿ” ಎಂದಳು.

“ಈಗ್ಯಾಕೆ?”

“ಜನ ನೋಡ್ತಾವ್ರೆ. ನಡೀರಿ.”

ಜನ ನೋಡುತ್ತಿದ್ದಾರೆ ಎಂದರೆ ಮುಗಿಯಿತು, ಬಾವಿಗಾದರೂ ನಡೆದಾನು. ದಾರಿ ಬಿಡಿಸಿಕೊಂಡು, ಎರಡೂ ಕಡೆ ಕೈ ಬೀಸುತ್ತ ಹೋಗಿ, ತಾನೇ ಜೋಪಾನವಾಗಿ ಸೀಟಿನ ಮೇಲೆ ಕೂರಿಸಿದ. ಆಟೋದವನ ಹೆಸರು ಚಿಕ್ಕಬೀರಯ್ಯ.

“ಕಡಬಕ್ಕೆ ನಡಿಯಪ್ಪ” ಎಂದಳು ವಾಣಿಶ್ರೀ.

“ಏಯ್, ಎಲ್ಲಿಗೇ?” ತಿಮ್ಮರಾಜುವಿನ ಮುಖದ ಮೇಲೆ ಇನ್ನೂ ಫೋಟೋಗೆಂದು ಇಟ್ಟುಕೊಂಡಿದ್ದ ನಗು ಇತ್ತು.

“ಅಮ್ಮನ ಮನೆಗೆ. ಇಲ್ಲೀಗಂಟ ಹೊತ್ತಿದ್ದು ಸಾಕು.”

ಸುತ್ತಲೂ ಅಷ್ಟು ಜನರಿದ್ದಾಗ ಅವನು ಕೂಗಾಡುವಂತಿರಲಿಲ್ಲ. ಆಟೋ ಹೊರಟಾಗ ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಗಂಡ ತಾನೇ ಹೊತ್ತು ತಂದು ಬಿಟ್ಟುಕೊಟ್ಟ ಹೆಂಡತಿ ಆ ತಾಲ್ಲೂಕಿನಲ್ಲಿ ಅವಳೊಬ್ಬಳೇ ಇರಬೇಕು.

ಕಡಬ ಮುಟ್ಟುವ ಹೊತ್ತಿಗೆ ವಿಡಿಯೋ ಅವಳಿಗಿಂತ ಮೊದಲೇ ತಲುಪಿತ್ತು. ಸುಬ್ಬಲಕ್ಷ್ಮಮ್ಮ ಜಗಲಿಯ ಮೇಲೇ ಶುರು ಮಾಡಿದಳು: “ಎಲ್ರ ಮುಂದೆ ಹೆಗಲ ಮೇಲೆ ಹೊತ್ಕಂಡವ್ನೆ ಕಣೇ! ಅಂಥೋನ್ನ ಬುಟ್ಟು ಬಂದಿದೀಯಲ್ಲೇ!”

“ಮೂಟೆನೂ ಹೊರ್ತಾರಮ್ಮ. ಮೂಟೆನ ಯಾರಾದ್ರೂ ಮಾತಾಡಿಸ್ತಾರಾ?”

ಅಮ್ಮನಿಗೆ ಅರ್ಥವಾಗಲಿಲ್ಲ. ಆಗುತ್ತದೆಂದು ಮಗಳು ಕಾಯಲೂ ಇಲ್ಲ. ಮಾರನೆಯ ವಾರವೇ ಹಳೆಯ ಕಾರ್ಖಾನೆಗೆ ಫೋನು ಮಾಡಿದಳು. ಸ್ವಿಚ್ಚು ಪರೀಕ್ಷಿಸಲು ಕೈ ಬೇಕು, ಮೀನಖಂಡ ಬೇಡ. ಕುಳಿತು ಮಾಡುವ ಕೆಲಸ ಸಿಕ್ಕಿತು. ಹಿರೇಹಳ್ಳಿಯಲ್ಲೇ ನೆಲಮಟ್ಟದ ಒಂದು ಮನೆ ಹಿಡಿದಳು. ಪಕ್ಕಕ್ಕೆರಡು ಗಾಲಿ ಸೇರಿಸಿದ ಸ್ಕೂಟರು ಕಲಿತಳು. ‘ಅಯ್ಯೋ ಪಾಪ’ ಎನ್ನುವ ನೆಂಟರು ಬಂದರೆ ಕಾಫಿ ಕೊಡುತ್ತಾಳೆ, ಎರಡನೇ ಸಲ ‘ಪಾಪ’ ಎಂದರೆ ಲೋಟ ತೆಗೆದುಕೊಂಡು ಹೋಗುತ್ತಾಳೆ.

ಮೂರನೇ ಎಮ್ಮಾರೈಗೆ ಒಬ್ಬಳೇ ಹೋದಳು. ಕಾಯಿಲೆ ನಿಂತಿರಲಾರದು ಎಂದು ಅವಳಿಗೆ ಗೊತ್ತಿತ್ತು. ಕುರ್ಚಿಯಿಂದ ಏಳಲು ಈಗ ಮೇಜು ಹಿಡಿಯಬೇಕಿತ್ತು. ಹೊರಗೆ ಕಾಯುವಾಗ ಫೋನಿನಲ್ಲಿ ‘ಹಾರ್ಸ್ ಪವರ್’ನ ಹೊಸ ವಿಡಿಯೋ ಕಂಡಿತು. ಹೆಂಡತಿ ಬಿಟ್ಟುಹೋದ ನೋವನ್ನು ಎತ್ತಿ ಎಸೆಯುವುದು ಹೇಗೆ ಎಂದು ತಿಮ್ಮರಾಜು ಪಾಠ ಮಾಡುತ್ತಿದ್ದ. ಎಸೆದು ತೋರಿಸಲು ಒಂದು ರಾಗಿ ಮೂಟೆ ತಂದಿದ್ದ. ಎತ್ತುವಾಗ ಮೂಟೆಯ ಹೊಲಿಗೆ ಬಿಚ್ಚಿ, ರಾಗಿಯೆಲ್ಲ ಅವನ ಬನಿಯನ್ನಿನೊಳಗೆ ಇಳಿದಿತ್ತು. ಅದನ್ನೂ ಕತ್ತರಿಸದೆ ಹಾಗೇ ಹಾಕಿದ್ದ, ಗಮನಿಸಿರಲಿಲ್ಲವೇನೋ.

ಆಸ್ಪತ್ರೆಯವರು ಫೋನು, ಬಳೆ, ಕಾಲುಂಗುರ ತೆಗೆಸಿ ಅವಳನ್ನು ಕೊಳವೆಯೊಳಗೆ ಮಲಗಿಸಿದರು. ಯಂತ್ರ ದಡದಡ ಎನ್ನತೊಡಗಿತು. ಅಲ್ಲಾಡಬಾರದು ಎಂದು ಮೊದಲೇ ಹೇಳಿದ್ದರು. ರಾಗಿ ನೆನಪಾಯಿತು. ನಗು ತಡೆದಳು, ತುಟಿ ಕಚ್ಚಿದಳು, ಆಗಲಿಲ್ಲ.

ಸ್ಪೀಕರಿನಲ್ಲಿ ಟೆಕ್ನೀಶಿಯನ್ ಗದರಿದ: “ಮೇಡಂ, ಯಾಕ್ ನಡುಗ್ತಿದೀರಾ? ಭಯ ಆಗ್ತಿದೆಯಾ?”

“ಭಯ ಅಲ್ಲಪ್ಪ” ಎಂದಳು ವಾಣಿಶ್ರೀ. “ಇನ್ನೊಂದ್ಸಲ ತೆಗಿ. ಈ ಸಲ ಸುಮ್ನಿರ್ತೀನಿ.”